ಅಳಿಯನಿಗೆ ಒಂದೇ ಕಡ್ಡಿ

ಹೆಂಡತಿಯ ಬಾಣಂತನಕ್ಕೆ ಮಾವನ ಮನೆಗೆ ಹೋಗಿ, ಅಲ್ಲಿಂದಲೇ ಆಫೀಸಿನ ಕೆಲಸವನ್ನೂ ಮಾಡಿಬಿಡುತ್ತೇನೆ ಅಂತ ಲ್ಯಾಪ್‌ಟಾಪ್ ಹೆಗಲಿಗೇರಿಸುವ ಗಂಡಸರಿಗೆ ಯಾರಾದರೂ ಮೊದಲೇ ಒಂದು ಮಾತು ಹೇಳಬೇಕು. ಆ ಮನೆಯಲ್ಲಿ ನಿಮಗೆ ಹೋಳಿಗೆ ಮೇಲೆ ತುಪ್ಪ ಎಷ್ಟು ಬೇಕಾದರೂ ಸಿಗುತ್ತದೆ. ರೂಟರ್ ಮುಟ್ಟುವ ಅಧಿಕಾರ ಮಾತ್ರ ಸಿಗುವುದಿಲ್ಲ.

ನಮ್ಮ ಮಾವನ ಮನೆ ತೀರ್ಥಹಳ್ಳಿ ಕಡೆ. ಮುಂದೆ ಅಂಗಳ, ಪಕ್ಕದಲ್ಲಿ ತೋಟ, ಹಿಂದೆ ಗುಡ್ಡ. ಮೊಬೈಲಿಗೆ ರೇಂಜ್ ಬೇಕೆಂದರೆ ಗುಡ್ಡ ಹತ್ತಬೇಕು. 2020ರ ಲಾಕ್‌ಡೌನಿನಲ್ಲಿ ಸುತ್ತಲಿನ ಮಕ್ಕಳೆಲ್ಲ ಅಲ್ಲೇ ಟಾರ್ಪಾಲ್ ಕಟ್ಟಿಕೊಂಡು ಆನ್‌ಲೈನ್ ಕ್ಲಾಸ್ ಕೇಳಿದ್ದರು. ಆಮೇಲೆ ಕಂಬದಿಂದ ಕಂಬಕ್ಕೆ, ಕಂಬ ಇಲ್ಲದಲ್ಲಿ ಮರದಿಂದ ಮರಕ್ಕೆ, ಫೈಬರ್ ಬಂತು.

ಅದನ್ನು ಹಾಕುವ ಹುಡುಗ ಬಂದ ದಿನ ನಾನಿರಲಿಲ್ಲ. ಇದ್ದಿದ್ದರೂ ನಡೆಯುತ್ತಿದ್ದದ್ದು ಅದೇ. ಅವನು ಕಿಟಕಿ ಸಂದಿಯಿಂದ ಜಗಲಿಗೆ ತಂತಿ ತೂರಿಸಿ, "ಎಲ್ಲಿ ಇಡ್ಲಿ?" ಅಂದನಂತೆ. ಮಾವ ಶೋಕೇಸ್ ತೋರಿಸಿದರಂತೆ. ದುಡ್ಡು ಕೊಟ್ಟು ತಂದದ್ದು ನಾಲ್ಕು ಜನರ ಕಣ್ಣಿಗೆ ಬೀಳಬೇಕು, ಅಲ್ವಾ? ಹಾಗಾಗಿ ಸೊಸೈಟಿಯವರು ಕೊಟ್ಟ ಹಿತ್ತಾಳೆ ಸ್ಮರಣಿಕೆಗಳು, ಒಂದು ಜೋಡಿ ಆನೆ, ಅಮೆರಿಕದಲ್ಲಿರುವ ಭಾವಮೈದ ಕಪ್ಪು ಗೌನು ತೊಟ್ಟು ನಿಂತ ಫೋಟೊ, ಇವುಗಳ ನಡುವೆ ರೂಟರ್ ವಿರಾಜಮಾನವಾಯಿತು. ಮುಂದೆ ಗಾಜಿನ ಬಾಗಿಲು, ಹಿಂದೆ ಉದ್ದಕ್ಕೂ ಕನ್ನಡಿ. ಮೇಲೆ ಅತ್ತೆ ಕ್ರೋಶಾದಲ್ಲಿ ಹೆಣೆದ ಹೊದಿಕೆ. ಹೊದಿಕೆಯ ಬಗ್ಗೆ ನನ್ನದೇನೂ ತಕರಾರಿಲ್ಲ. ಬಟ್ಟೆ ಅಲೆಯನ್ನು ತಡೆಯುವುದಿಲ್ಲ, ಗಾಳಿಯನ್ನು ತಡೆಯುತ್ತದೆ ಅಷ್ಟೆ. ರೂಟರ್ ಒಳಗೊಳಗೇ ಬೇಯುತ್ತಿತ್ತು. ನಿಜವಾದ ತೊಂದರೆ ಕನ್ನಡಿಯದು. ಅದರ ಹಿಂಬದಿಯ ಲೋಹದ ಲೇಪ ಮುಖವನ್ನು ಹಿಂದಿರುಗಿಸುವ ಹಾಗೆ ವೈ-ಫೈಯನ್ನೂ ಹಿಂದಿರುಗಿಸುತ್ತದೆ. ಮನೆಯೊಳಕ್ಕೆ ಬರಬೇಕಾದ ಸಿಗ್ನಲ್ಲಿನ ಬಹುಪಾಲು ಹಾಗೇ ತಿರುಗಿ, ಜಗಲಿ ದಾಟಿ, ಅಂಗಳ ದಾಟಿ, ಸೀದಾ ಕೊಟ್ಟಿಗೆಗೆ ಹೋಗುತ್ತಿತ್ತು.

ಇದು ಉತ್ಪ್ರೇಕ್ಷೆ ಅಲ್ಲ, ನಾನು ಅಳತೆ ಮಾಡಿ ನೋಡಿದ್ದೇನೆ. ಫೋನಿನಲ್ಲಿ ಸಿಗ್ನಲ್ ಅಳೆಯುವ ಆ್ಯಪ್ ಇದೆ. ಅದು ಡಿಬಿಎಂ ಲೆಕ್ಕದಲ್ಲಿ, ಮೈನಸ್ ಸಂಖ್ಯೆಯಲ್ಲಿ ತೋರಿಸುತ್ತದೆ. ಕೊಟ್ಟಿಗೆಯಲ್ಲಿ ಮೈನಸ್ 55. ನನ್ನ ಕೋಣೆಯಲ್ಲಿ ಮೈನಸ್ 82. ವಿಡಿಯೊ ಕಾಲ್ ನೆಟ್ಟಗೆ ನಡೆಯಬೇಕಾದರೆ ಮೈನಸ್ 67ರ ಆಸುಪಾಸಾದರೂ ಬೇಕು. ಫೋನ್ ಹಿಡಿದು ಕೊಟ್ಟಿಗೆ ಸುತ್ತುತ್ತಿದ್ದ ಅಳಿಯನನ್ನು ನೋಡಿ ಮಾವ ಬಂದರು. ಇದೇನು ಮೈನಸ್ ಅಂದರು. ಸಂಖ್ಯೆ ಕಡಿಮೆ ಆದಷ್ಟೂ ಒಳ್ಳೆಯದು ಮಾವ, 10 ಜಾಸ್ತಿಯಾದರೆ ಸಿಗ್ನಲ್ ಹತ್ತರಲ್ಲಿ ಒಂದು ಪಾಲಿಗೆ ಇಳಿಯುತ್ತದೆ, 20 ಆದರೆ ನೂರರಲ್ಲಿ ಒಂದು ಪಾಲು ಅಂದೆ.

ಸೊಸೈಟಿಯಲ್ಲಿ ಡೈರೆಕ್ಟರ್ ಆಗಿದ್ದವರು. ತಕ್ಷಣ ಅರ್ಥವಾಯಿತು. "ಹಾಗಾದ್ರೆ ಸಾಲ ಇದ್ದ ಹಾಗೆ. ಅದೂ ಚಕ್ರಬಡ್ಡಿ ಸಾಲ."

"ಹೌದು ಮಾವ."

"ಕೊಟ್ಟಿಗೆ ಸಾಲ ಕಡಿಮೆ ಇದೆಯಲ್ಲ? ಅಲ್ಲೇ ಒಂದು ಕುರ್ಚಿ ಹಾಕಿಸ್ತೀನಿ."

ರೂಟರ್ ಸರಿಸುವ ಮಾತು ಅವರ ಬಾಯಿಂದ ಬರಲಿಲ್ಲ. ನನ್ನ ಬಾಯಿಂದಲೂ ಬರಲಿಲ್ಲ. ಮದುವೆಯಾಗಿ ಎಷ್ಟೇ ವರ್ಷವಾಗಲಿ, ಮಾವನ ಶೋಕೇಸಿಗೆ ಕೈಹಾಕುವ ಅಳಿಯ ಇನ್ನೂ ಹುಟ್ಟಿಲ್ಲ.

ನನ್ನ ಕೋಣೆ ಮನೆಯ ಹಿಂಬದಿಯದು. ಇಡೀ ಮನೆಯಲ್ಲಿ ಅತಿ ತಂಪಾದ ಕೋಣೆ, ಅಳಿಯಂದಿರಿಗೆ ಅಂತಲೇ ಬಿಟ್ಟುಕೊಟ್ಟದ್ದು. ಬೇಸಿಗೆಯಲ್ಲೂ ಯಾಕಿಷ್ಟು ತಂಪು ಅಂದರೆ ಮಣ್ಣಿನ ಗೋಡೆ ಎರಡು ಅಡಿ ದಪ್ಪ. ವೈ-ಫೈ ಯಾಕೆ ಬರಲ್ಲ ಅಂದರೂ ಉತ್ತರ ಅದೇ. ಜಗಲಿಯಿಂದ ನನ್ನ ತನಕ ಬರಬೇಕಾದರೆ ಸಿಗ್ನಲ್ ಇಂಥ ಎರಡು ಗೋಡೆ ದಾಟಬೇಕು, ಎರಡನೆಯದಕ್ಕೆ ಒರಗಿಸಿಟ್ಟ ಸ್ಟೀಲ್ ಬೀರು ದಾಟಬೇಕು. ಸುತ್ತಿ ಬರೋಣ ಅಂದರೆ ಆ ಕಡೆ ಬಚ್ಚಲಿನ ತಾಮ್ರದ ಹಂಡೆ, ಅದರ ತುಂಬ ನೀರು. ಲೋಹ ಅಲೆಯನ್ನು ವಾಪಸ್ ಕಳಿಸುತ್ತದೆ, ನೀರು ಕುಡಿದುಬಿಡುತ್ತದೆ. 1895ರಲ್ಲಿ ಜಗದೀಶಚಂದ್ರ ಬೋಸರು ಕೋಲ್ಕತ್ತದಲ್ಲಿ ಕಣ್ಣಿಗೆ ಕಾಣದ ಅಲೆಯನ್ನು ಗೋಡೆ ದಾಟಿಸಿ, ದೂರದಲ್ಲಿದ್ದ ಗಂಟೆ ಬಾರಿಸಿ ತೋರಿಸಿದ್ದರು. ಆ ಗೋಡೆಗೆ ಯಾರೂ ಮದುವೆಯ ಬೀರು ಒರಗಿಸಿರಲಿಲ್ಲ ಅಂತ ಕಾಣುತ್ತದೆ.

ಪರಿಣಾಮ, ಮೀಟಿಂಗಿನಲ್ಲಿ ನನ್ನ ಮುಖ ಅರ್ಧ ಬಾಯಿ ತೆರೆದ ಭಂಗಿಯಲ್ಲೇ ನಿಂತುಬಿಡುತ್ತಿತ್ತು. ಸಹೋದ್ಯೋಗಿಗಳು ಅದರ ಸ್ಕ್ರೀನ್‌ಶಾಟ್ ತೆಗೆದು ಗುಂಪಿನಲ್ಲಿ ಹಾಕುತ್ತಿದ್ದರು. ಆ ಚಿತ್ರಗಳು ಮಾತ್ರ ನನಗೆ ಸರಿಯಾಗಿ ಬಂದು ತಲುಪುತ್ತಿದ್ದವು.

ವಿಷಯ ಮಾವನ ಕಿವಿಗೆ ಬಿತ್ತು. ಅವರು ಸುಮ್ಮನಿರುವವರಲ್ಲ. ಬೆಳಿಗ್ಗೆ ಎದ್ದು ನೋಡುತ್ತೇನೆ, ರೂಟರಿನ ಎರಡೂ ಆಂಟೆನಾಗಳನ್ನು ಬಗ್ಗಿಸಿ, ತುದಿಗಳನ್ನು ನನ್ನ ಕೋಣೆಯ ದಿಕ್ಕಿಗೇ ಗುರಿಯಿಟ್ಟು ನಿಲ್ಲಿಸಿದ್ದಾರೆ. "ಅಳಿಯಂದ್ರೇ, ನಿಮ್ಮ ಕಡೆಗೇ ತಿರುಗಿಸಿದ್ದೀನಿ. ಇನ್ನು ತೊಂದರೆ ಇಲ್ಲ."

ಇದಕ್ಕೊಂದು ಹಿನ್ನೆಲೆ ಇದೆ. ದೂರದರ್ಶನದ ಕಾಲದಲ್ಲಿ ಮಾಡಿನ ಮೇಲೆ ಹತ್ತಿ ಆಂಟೆನಾ ತಿರುಗಿಸುವುದರಲ್ಲಿ ಮಾವ ಎತ್ತಿದ ಕೈ. ಸುತ್ತಲಿನವರೂ ಅವರನ್ನೇ ಕರೆಯುತ್ತಿದ್ದರು. ಆದರೆ ಆ ಅಡ್ಡಕಡ್ಡಿಗಳ ಆಂಟೆನಾ ಬೇರೆ ಜಾತಿಯದು. 1926ರಲ್ಲಿ ಜಪಾನಿನ ಉದಾ ಮತ್ತು ಯಾಗಿ ಎಂಬ ಇಬ್ಬರು ಅದನ್ನು ಲೋಕಕ್ಕೆ ತೋರಿಸಿಕೊಟ್ಟರು. ಅದಕ್ಕೆ ಗುರಿ ಇಡಲೇಬೇಕು. ರೂಟರಿನ ಕಡ್ಡಿಗೆ ಗುರಿ ಇಟ್ಟರೆ ಉಲ್ಟಾ. ಅದರ ಅಲೆ ಕಡ್ಡಿಯ ಸುತ್ತ ಪಕ್ಕಕ್ಕೆ ಹರಡುತ್ತದೆ, ತುದಿಯ ದಿಕ್ಕಿನಲ್ಲೇ ಅತಿ ಕಡಿಮೆ. ಅಂದರೆ ಮಾವ ಅಷ್ಟು ಪ್ರೀತಿಯಿಂದ ನನ್ನ ಕಡೆ ತಿರುಗಿಸಿದ್ದು ಆಂಟೆನಾದ ಕುರುಡು ತುದಿಯನ್ನು. ಮೈನಸ್ 82 ಇದ್ದದ್ದು 86 ಆಯಿತು.

ಹೇಳುವುದು ಹೇಗೆ? ರಾತ್ರಿ ಎಲ್ಲರೂ ಮಲಗಿದ ಮೇಲೆ ಮೆಲ್ಲಗೆ ಬಂದು, ಶೋಕೇಸಿನ ಗಾಜು ಸರಿಸಿ, ಕಡ್ಡಿಗಳನ್ನು ನೆಟ್ಟಗೆ ನಿಲ್ಲಿಸುತ್ತಿದ್ದೆ. ಬೆಳಿಗ್ಗೆ ಧೂಳು ಒರೆಸುವಾಗ ಮಾವ ಮತ್ತೆ ನನ್ನ ಕಡೆ ಬಗ್ಗಿಸುತ್ತಿದ್ದರು. "ಈ ಇಲಿಗಳ ಕಾಟ," ಅಂತ ಅತ್ತೆಗೆ ಹೇಳುತ್ತಿದ್ದರಂತೆ. ಒಂದು ರಾತ್ರಿ ಶೋಕೇಸಿನ ಪಕ್ಕದಲ್ಲಿ ಇಲಿಬೋನು ಕಂಡಿತು, ಒಳಗೆ ಕೊಬ್ಬರಿ ಚೂರು.

ಇನ್ನು ಮಾಡಬಹುದಾದದ್ದೆಲ್ಲ ನನ್ನ ಲ್ಯಾಪ್‌ಟಾಪಿಗೇ. ಅದಕ್ಕೆ ಯಾರ ಅಪ್ಪಣೆಯೂ ಬೇಡ. ಸಾಮಾನ್ಯವಾಗಿ ಲ್ಯಾಪ್‌ಟಾಪಿನ ಆಂಟೆನಾ ಇರುವುದು ಪರದೆಯ ಅಂಚಿನಲ್ಲಿ. ಅಲ್ಲಿಂದ ಎರಡು ಸಣ್ಣ ತಂತಿಗಳು ಹಿಂಜಿನ ಮೂಲಕ ಕೆಳಗಿಳಿದು ವೈ-ಫೈ ಕಾರ್ಡಿಗೆ ಸೇರುತ್ತವೆ. ಪರದೆಯನ್ನು ಪೂರ್ತಿ ತೆರೆದು, ಯಾವುದಕ್ಕೂ ಒರಗಿಸದೆ, ಎತ್ತರದಲ್ಲಿಟ್ಟರೆ ಸ್ವಲ್ಪ ಸುಧಾರಿಸುತ್ತದೆ. ನಾನು ಅಕ್ಕಿ ಡಬ್ಬಿಯ ಮೇಲಿಟ್ಟೆ. ಬ್ಯಾಟರಿ ಉಳಿಸಲು ವೈ-ಫೈಯನ್ನು ಅರೆನಿದ್ದೆಗೆ ದೂಡುವ ಸೆಟ್ಟಿಂಗ್ ಒಂದಿದೆ, ಅದನ್ನು ತೆಗೆದೆ. ಅಕ್ಕಪಕ್ಕದ ಮನೆಗಳ ವೈ-ಫೈ ಒಂದಕ್ಕೊಂದು ಅಡ್ಡ ಬರದಂತೆ ಚಾನೆಲ್ 1, 6, 11 ಅಂತ ಬದಲಾಯಿಸುವ ಸಲಹೆ ಬೆಂಗಳೂರಿನ ಅಪಾರ್ಟ್‌ಮೆಂಟಿಗೆ ಸರಿ. ಇಲ್ಲಿ ಪಕ್ಕದ ಮನೆಗೆ ಹೋಗಲು ಒಂದು ಹಳ್ಳ ದಾಟಬೇಕು.

ರೂಟರ್ ಎರಡು ಹೆಸರಿನಲ್ಲಿ ವೈ-ಫೈ ಕೊಡುತ್ತಿತ್ತು. ಒಂದು ಬರೀ ಮಾವನ ಹೆಸರು, ಇನ್ನೊಂದರಲ್ಲಿ ಹೆಸರಿನ ಮುಂದೆ 5ಜಿ. ಮಾವ ಇದನ್ನು ಊರಿಗೆಲ್ಲ ಹೇಳಿಕೊಂಡಿದ್ದರು. ತಾಲ್ಲೂಕಿನ ಮೂಲೆಗಳಿಗೆ ಇನ್ನೂ 4ಜಿ ಸರಿಯಾಗಿ ಬಂದಿಲ್ಲ, ನಮ್ಮನೆಗೆ 5ಜಿ ಬಂದಿದೆ ಅಂತ. ಆ 5ಕ್ಕೂ ಮೊಬೈಲಿನ 5ಜಿಗೂ ಸಂಬಂಧವಿಲ್ಲ, ಅದು 5 ಗಿಗಾಹರ್ಟ್ಸ್. ವೇಗ ಜಾಸ್ತಿ, ಆದರೆ ಗೋಡೆ ಕಂಡರೆ ಅಲ್ಲೇ ಕೂತುಬಿಡುವ ಸ್ವಭಾವ. 2.4 ಗಿಗಾಹರ್ಟ್ಸ್ ನಿಧಾನ, ಆದರೆ ದೂರ ಬರುತ್ತದೆ. ನನ್ನ ಲ್ಯಾಪ್‌ಟಾಪ್ ಮೂರು ಹೊತ್ತೂ 5ರ ಹಿಂದೆಯೇ ಓಡುತ್ತಿತ್ತು. ಅದನ್ನು ಮರೆಯುವಂತೆ ಮಾಡಿ 2.4ಕ್ಕೆ ಕಟ್ಟಿಹಾಕಿದೆ. ಪರದೆಯ ಮೇಲಿನ ಸಿಗ್ನಲ್ ಕಡ್ಡಿ ಅಲುಗಾಡುವುದು ನಿಂತಿತು. ಈ ವಿಷಯ ಮಾವನಿಗೆ ಹೇಳಲಿಲ್ಲ. 5ಜಿ ಬಿಟ್ಟ ಅಳಿಯ ಅಂದರೆ ಊರಲ್ಲಿ ಮರ್ಯಾದೆಯ ಪ್ರಶ್ನೆ.

2.4ರ ಅಲೆಯ ಉದ್ದ ಸುಮಾರು 12 ಸೆಂಟಿಮೀಟರ್. ಗೋಡೆ, ಬೀರು, ಹಂಡೆಗೆಲ್ಲ ಬಡಿದು ಬೇರೆ ಬೇರೆ ದಾರಿಯಲ್ಲಿ ಬಂದ ಅಲೆಗಳು ಒಂದು ಜಾಗದಲ್ಲಿ ಕೂಡಿ ಬಲವಾಗುತ್ತವೆ, ನಾಲ್ಕು ಬೆರಳು ಆಚೆ ಒಂದನ್ನೊಂದು ಹೊಡೆದು ಇಲ್ಲವಾಗುತ್ತವೆ. ಹಾಗಾಗಿ ಅಕ್ಕಿ ಡಬ್ಬಿಯನ್ನು ಇಂಚಿಂಚೇ ಸರಿಸುತ್ತಾ ಹೋದೆ. ಕಿಟಕಿಯ ಹತ್ತಿರ ಒಂದು ಜಾಗ ಸಿಕ್ಕಿತು. ಸೀಮೆಸುಣ್ಣದಲ್ಲಿ ಸುತ್ತ ಗೆರೆ ಎಳೆದೆ. ಮರುದಿನ ಬೆಳಿಗ್ಗೆ ಗೆರೆಯ ಹೊರಗೆ ಚಂದದ ನಾಲ್ಕೆಳೆ ರಂಗೋಲಿ ಬಂದಿತ್ತು. ಮನೆಯ ಅಜ್ಜಿಗೆ ಎಂಬತ್ತು ದಾಟಿದೆ. ಅಳಿಯ ಕಚ್ಚೆ ಕಟ್ಟದೆ ಯಾವುದೋ ವ್ರತ ಹಿಡಿದಿದ್ದಾನೆ ಅಂತ ಅವರ ಲೆಕ್ಕ. ಅಕ್ಕಿ ಡಬ್ಬಿಗೆ ಒಂದು ದಾಸವಾಳವನ್ನೂ ಇಟ್ಟಿದ್ದರು.

ಇಷ್ಟಾದರೂ ಮೈನಸ್ 78. ಆಗ ಬಾಣಲೆ ಹೊಳೆಯಿತು.

ಇದು ನನ್ನ ತಲೆಯಿಂದ ಹುಟ್ಟಿದ್ದಲ್ಲ. ನ್ಯೂಜಿಲೆಂಡಿನಲ್ಲಿ ಅಡುಗೆಮನೆಯ ಜಾಲರಿ ಸೌಟಿನಲ್ಲೇ ವೈ-ಫೈ ಡಿಶ್ ಮಾಡಿ ತೋರಿಸಿದವರಿದ್ದಾರೆ. ಯುಎಸ್‌ಬಿಗೆ ಸಿಕ್ಕಿಸುವ ಸಣ್ಣ ವೈ-ಫೈ ಡಾಂಗಲ್ ಒಂದನ್ನು ಶಿವಮೊಗ್ಗದಿಂದ ತರಿಸಿದೆ, ಜೊತೆಗೆ ಉದ್ದದ ಯುಎಸ್‌ಬಿ ಕೇಬಲ್. ಅಟ್ಟದಲ್ಲಿ ದೊಡ್ಡ ಊಟಗಳಿಗೆ ಇಳಿಸುವ ಅಲ್ಯೂಮಿನಿಯಂ ಬಾಣಲೆ ಇತ್ತು. ಬಾಯಿ ಅಗಲ 40 ಸೆಂಟಿಮೀಟರ್, ಆಳ 10. ಅಗಲದ ವರ್ಗವನ್ನು ಆಳದ 16 ಪಟ್ಟಿನಿಂದ ಭಾಗಿಸಿದರೆ ಅಲೆಗಳು ಕೂಡುವ ಬಿಂದು ತಳದಿಂದ ಎಷ್ಟು ಮೇಲಿದೆ ಅಂತ ಸಿಗುತ್ತದೆ. ಈ ಬಾಣಲೆಗೆ 10 ಸೆಂಟಿಮೀಟರ್, ಅಂದರೆ ಸರಿಯಾಗಿ ಬಾಯಿಯ ಮಟ್ಟಕ್ಕೆ. ಈ ಲೆಕ್ಕ ಡಿಶ್ಶಿನ ಆಕಾರದ್ದು, ಬಾಣಲೆಗೆ ಅಂದಾಜಾಗಿ ಹೊಂದುತ್ತದೆ. ಒಂದು ಬಿದಿರ ಸಲಾಕೆಯನ್ನು ಅಡ್ಡ ಕಟ್ಟಿ, ನಡುವೆ ಡಾಂಗಲ್ ಟೇಪ್ ಸುತ್ತಿ, ಬಾಣಲೆಯ ಹೊಟ್ಟೆಯನ್ನು ಗೋಡೆಯ ಕಡೆ, ಬಾಯಿಯನ್ನು ಜಗಲಿಯ ಕಡೆ ಮಾಡಿ ನಿಲ್ಲಿಸಿದೆ. ಮೈನಸ್ 66. ಆ ದಿನ ಮೀಟಿಂಗಿನಲ್ಲಿ ನನ್ನ ಮುಖ ಚಲಿಸಿತು. ಮ್ಯಾನೇಜರ್ ಸಾಹೇಬರು ನನ್ನನ್ನು ನೋಡಿ ಗುರುತೇ ಹಿಡಿಯಲಿಲ್ಲ.

ಮಗುವಿನ ನಾಮಕರಣ ಹತ್ತಿರ ಬಂತು. ಹೊಸ ಕ್ಲೈಂಟಿಗೆ ನಮ್ಮ ಲೆಕ್ಕ ಒಪ್ಪಿಸುತ್ತಾ ಅತಿ ಮುಖ್ಯವಾದ ಪುಟದಲ್ಲಿದ್ದಾಗ ಬಾಗಿಲಲ್ಲಿ ಹೆಂಡತಿ. "ರೀ, ಅಮ್ಮ ಬಾಣಲೆ ಕೇಳ್ತಿದಾಳೆ. ಹಪ್ಪಳ ಕರೀಬೇಕಂತೆ." ಐದು ನಿಮಿಷ ಅಂತ ಕೈಸನ್ನೆ ಮಾಡಿದೆ. "ಎಣ್ಣೆ ತಂದಾಗಿದೆ, ಒಲೆ ಉರೀತಾ ಇದೆ," ಅಂದಳು. ಬಾಣಂತಿಗೆ ಎದುರಾಡಬಾರದು ಅಂತ ಅಜ್ಜಿಯ ಕಟ್ಟಪ್ಪಣೆ ಬೇರೆ. ಕ್ಲೈಂಟಿಗೆ ಕೊನೆಯದಾಗಿ ಕಂಡದ್ದು ನಾನು ಸಲಾಕೆ ಬಿಚ್ಚುತ್ತಿದ್ದದ್ದು.

ಗುಡುಗಿನ ಬಗ್ಗೆಯೂ ಹೇಳಬೇಕು. ಮೇ ತಿಂಗಳ ಮಲೆನಾಡು. ಮಧ್ಯಾಹ್ನ ಮೂರರ ಮೇಲೆ ಪಶ್ಚಿಮದಲ್ಲಿ ಮೋಡ ಕಪ್ಪಾದರೆ ಸಾಕು, ಮಾವ ಮನೆಯ ಪ್ಲಗ್ಗುಗಳನ್ನೆಲ್ಲ ಕೀಳುತ್ತಾ ಬರುತ್ತಾರೆ. ಟಿವಿ, ಫ್ರಿಜ್, ರೂಟರ್. ಫೈಬರ್ ಗಾಜಿನ ಎಳೆ ಮಾವ, ಅದರಲ್ಲಿ ಮಿಂಚು ಹರಿಯಲ್ಲ ಅಂದೆ. ಅವರು ಕಿಟಕಿಯಾಚೆ ನೇತಾಡುವ ಕಪ್ಪು ತಂತಿಯ ತುಂಡನ್ನು ತೋರಿಸಿದರು. ಗಾಜಿನ ಪಕ್ಕದಲ್ಲಿ ಆಧಾರಕ್ಕೆ ಅಂತ ಉಕ್ಕಿನ ತಂತಿ ಹೊಳೆಯುತ್ತಿತ್ತು. "ಇದು ಯಾವ ಗಾಜು?" ಅಂದರು. ಪ್ಲಗ್ ಕಿತ್ತದ್ದು ಸರಿಯೇ.

ಎಲ್ಲ ಬದಲಾದದ್ದು ನಾಮಕರಣದ ದಿನ. ತೊಟ್ಟಿಲು ನಡುಮನೆಯಲ್ಲಿ. ಮಗುವಿನ ಸೋದರಮಾವ, ಅಂದರೆ ನಮ್ಮ ಭಾವಮೈದ, ಅಮೆರಿಕದಲ್ಲಿ ನಡುರಾತ್ರಿ ಎದ್ದು ವಿಡಿಯೊ ಕಾಲಿನಲ್ಲಿ ಕೂತಿದ್ದ. ತೊಟ್ಟಿಲು ತೂಗುವ ಹೊತ್ತಿಗೆ ಅವನ ಚಿತ್ರ ನಿಂತುಬಿಟ್ಟಿತು. ದನಿ ಮಾತ್ರ ತುಂಡುತುಂಡಾಗಿ ಬಂತು. "ಅಪ್ಪಾ... ರೂಟರ್... ಮನೆ ಮಧ್ಯ... ಎತ್ತರದಲ್ಲಿ..."

ಅಷ್ಟು ಸಾಕಾಯಿತು. ಎರಡೇ ನಿಮಿಷದಲ್ಲಿ ರೂಟರ್ ಶೋಕೇಸಿನಿಂದ ಹೊರಬಿತ್ತು, ಕ್ರೋಶಾ ಕಳಚಿತು, ಫೈಬರಿನ ಸುರುಳಿಯಲ್ಲಿ ಉಳಿದಿದ್ದ ಉದ್ದವೆಲ್ಲ ಬಿಚ್ಚಿ, ನಡುಮನೆಯ ಬಾಗಿಲ ಮೇಲಿನ ಹಲಗೆಯ ಮೇಲೆ ಕೂತಿತು. ಕಡ್ಡಿಗಳು ನೆಟ್ಟಗೆ ನಿಂತವು. ಮಾವ ನನ್ನನ್ನು ಪಕ್ಕಕ್ಕೆ ಕರೆದು ಮೆತ್ತಗೆ ಹೇಳಿದರು. "ನೋಡಿ ಅಳಿಯಂದ್ರೇ, ಇದನ್ನ ಎತ್ತರದಲ್ಲಿ, ಮನೆ ಮಧ್ಯದಲ್ಲಿ ಇಡಬೇಕಂತೆ. ಕನ್ನಡಿ ಮುಂದೆ ಇಡಲೇಬಾರದಂತೆ. ಅಮೆರಿಕದಲ್ಲೆಲ್ಲ ಹಾಗೇ ಅಂತೆ."

"ಹೌದಾ ಮಾವ?" ಅಂದೆ.

ಕೋಣೆಗೆ ಓಡಿ ಲ್ಯಾಪ್‌ಟಾಪ್ ತೆರೆದೆ. ಮೈನಸ್ 58. ಕಡ್ಡಿಗಳು ಪೂರ್ತಿ. ಬಾಕಿ ಇದ್ದ ಫೈಲನ್ನು ಆಫೀಸಿಗೆ ಕಳಿಸೋಣ ಅಂತ ಒತ್ತಿದರೆ ಸುತ್ತುತ್ತಲೇ ಇದೆ. ಮತ್ತೆ ಒತ್ತಿದೆ, ಮತ್ತೆ ಸುತ್ತು. ಕಡ್ಡಿ ತೋರಿಸುವುದು ರೂಟರಿಗೂ ನನಗೂ ಇರುವ ನಂಟನ್ನು ಮಾತ್ರ. ಆಚೆಗಿನ ದಾರಿಯಲ್ಲಿ ಎಷ್ಟು ಜನ ನಿಂತಿದ್ದಾರೆ ಅಂತ ಅದಕ್ಕೆ ಗೊತ್ತಿರುವುದಿಲ್ಲ. ಹೊರಗೆ ಬಂದು ನೋಡಿದೆ. ಜಗಲಿ, ಅಂಗಳ, ಚಪ್ಪರದ ಕೆಳಗೆ, ಬಂದ ನೆಂಟರೆಲ್ಲ ಫೋನಿನೊಳಗೆ ತಲೆಹಾಕಿ ಕೂತಿದ್ದಾರೆ. ಮಕ್ಕಳು ಕೊಟ್ಟಿಗೆಯ ಕಟ್ಟೆಯ ಮೇಲೆ ಸಾಲಾಗಿ ಕೂತು ಗೇಮ್ ಆಡುತ್ತಿದ್ದಾರೆ. ಎಲೆಯಡಿಕೆ ತಟ್ಟೆಯ ಪಕ್ಕದಲ್ಲಿ ಒಂದು ರಟ್ಟಿನ ಮೇಲೆ ಮಾವನ ದುಂಡು ಅಕ್ಷರದಲ್ಲಿ ಪಾಸ್‌ವರ್ಡ್. ಕೆಳಗೆ ಅಡಿಗೆರೆ ಹಾಕಿ ಬರೆದಿದ್ದರು, "5ಜಿ. ಎಲ್ಲರೂ ಸಂಕೋಚವಿಲ್ಲದೆ ಬಳಸಬಹುದು."