ಮಿಲ್ಲಿನ ಫೋಟೊದಲ್ಲಿ ಇಲ್ಲದವರು

ನಮ್ಮೂರಿನ ವಾಟ್ಸ್‌ಆ್ಯಪ್ ಬಳಗದಲ್ಲಿ ಮೊನ್ನೆ ಒಂದು ಫೋಟೊ ಬಂತು. ಸೇಡಂ ರಸ್ತೆಗೆ ಹತ್ತಿಕೊಂಡಿರುವ ನಮ್ಮ ಹಳೆಯ ಕಟ್ಟಿಗೆ ಮಿಲ್ಲು. ಅರ್ಧ ಹಾರಿಹೋದ ತಗಡು, ಫರಸಿ ಕಲ್ಲಿನ ಗೋಡೆ, ಬಾಗಿಲೊಳಗಿಂದ ತಲೆ ಹೊರಗೆ ಹಾಕಿದ ಬಳ್ಳಾರಿ ಜಾಲಿ. ಸಂಜೆಯ ಬಿಸಿಲು ನೋಡಿ ತೆಗೆದದ್ದು, ಚೆನ್ನಾಗಿಯೇ ಇದೆ. ಕೆಳಗೆ ‘ನಮ್ಮ ಪರಂಪರೆ’ ಎಂದು ಬರೆದಿದ್ದರು. ಕೈ ಮುಗಿದವರಿಗೆ ಲೆಕ್ಕವಿಲ್ಲ. ಪಂಚಾಯಿತಿಗೆ ಅರ್ಜಿ ಕೊಟ್ಟು ಅದನ್ನೊಂದು ವಸ್ತುಸಂಗ್ರಹಾಲಯ ಮಾಡೋಣ, ಹಳೆಯ ಮಂಚ, ತೊಟ್ಟಿಲು, ಗಾಲಿ ತಂದಿಡೋಣ ಎಂಬ ಮಾತೂ ಹೊರಟಿತು. ‘ಅಲ್ಲಿ ದುಡಿದವರಲ್ಲಿ ಇಬ್ಬರು ಇನ್ನೂ ಇದ್ದಾರೆ, ಅವರನ್ನು ಯಾರಾದರೂ ಕೇಳಿದಿರಾ?’ ಎಂದು ನಾನು ಬರೆದೆ. ಬಳಗ ತಣ್ಣಗಾಯಿತು. ಅದಕ್ಕೇ ಇಲ್ಲಿ ಉದ್ದಕ್ಕೆ ಬರೆಯುತ್ತಿದ್ದೇನೆ.

ಮಿಲ್ಲು ಎಂದರೆ ಕಲಬುರಗಿಯ ಜನಕ್ಕೆ ಮೊದಲು ನೆನಪಾಗುವುದು ಎಂಎಸ್‌ಕೆ ಮಿಲ್ಲು. ಅದರ ನೂಲು ನಿಂತು ಕಾಲವಾಯಿತು, ಹೆಸರು ಮಾತ್ರ ಬಡಾವಣೆಗೆ ಅಂಟಿಕೊಂಡಿದೆ. ಆಮೇಲೆ ತೊಗರಿಯ ದಾಲ್ ಮಿಲ್ಲುಗಳು. ನಮ್ಮದು ಇವೆರಡರ ಸಾಲಿಗೂ ಸೇರುವಂಥದ್ದಲ್ಲ. ಒಂದೇ ಡೀಸೆಲ್ ಎಂಜಿನ್, ಎರಡು ಸಂಸಾರ. ಬೆಳಗ್ಗೆ ಪಟ್ಟಾ ಹಿಟ್ಟಿನ ಗಿರಣಿಗೆ ಬೀಳುತ್ತಿತ್ತು, ಊಟದ ಹೊತ್ತು ಕಳೆದ ಮೇಲೆ ಗರಗಸಕ್ಕೆ. ಎಂಜಿನ್ನಿನ ಟುಕ್ ಟುಕ್ ಸದ್ದಿಗೆ ಹೊಲದಲ್ಲಿದ್ದವರು ಹೊತ್ತು ಹೇಳುತ್ತಿದ್ದರು. ಜೋಳದ ಹಿಟ್ಟಿನಲ್ಲಿ ಕಟ್ಟಿಗೆ ಪುಡಿ ಸೇರಿತೆಂದು ಹೆಂಗಸರು ಜಗಳ ತೆಗೆಯುವುದು ವಾರಕ್ಕೊಮ್ಮೆಯಾದರೂ ಇದ್ದೇ ಇತ್ತು. ಅದೇ ಪುಡಿಯನ್ನು ಸಂಜೆ ಅವರೇ ಚೀಲ ತುಂಬಿಸಿಕೊಂಡು ಒಯ್ಯುತ್ತಿದ್ದರು. ತಗಡಿನ ಒಲೆಯ ನಡುವೆ ಬಾಟಲಿ ನಿಲ್ಲಿಸಿ, ಸುತ್ತಲೂ ಪುಡಿ ಗಿಡಿದು, ಬಾಟಲಿಯನ್ನು ಮೆಲ್ಲಗೆ ತಿರುವಿ ಮೇಲೆತ್ತಿದರೆ ನಡುವೆ ಕೊಳವೆ ಉಳಿಯುತ್ತದೆ. ಕೆಳಗಿನ ಕಿಂಡಿಯಲ್ಲಿ ಕಡ್ಡಿ ಗೀರಿದರೆ ಹೊಗೆ ಕಡಿಮೆ, ಬೆಂಕಿ ಬಹಳ ಹೊತ್ತು. ನಮ್ಮ ಮನೆಯ ಬೇಳೆ ಬೆಂದದ್ದು ಹೆಚ್ಚಾಗಿ ಅದರ ಮೇಲೆಯೇ.

ನನಗೆ ಇಂದಿಗೂ ಕಣ್ಣಿಗೆ ಕಟ್ಟಿದಂತಿರುವುದು ಬಡಿಗೇರ ಕಾಕಾ ದಿಮ್ಮಿ ಅಳೆಯುತ್ತಿದ್ದ ರೀತಿ. ದಿಮ್ಮಿಯ ನಡುವಿಗೆ ದಾರ ಸುತ್ತುವುದು, ಆ ದಾರವನ್ನು ನಾಲ್ಕು ಮಡಿಕೆ ಮಾಡುವುದು, ಒಂದು ಮಡಿಕೆಯ ಉದ್ದವನ್ನು ಅದರಿಂದಲೇ ಗುಣಿಸಿ, ಮತ್ತೆ ದಿಮ್ಮಿಯ ಉದ್ದದಿಂದ ಗುಣಿಸುವುದು. ನಾಲ್ಕು ಅಡಿ ಸುತ್ತಳತೆಯ, ಹತ್ತು ಅಡಿ ಉದ್ದದ ದಿಮ್ಮಿಯಾದರೆ ಒಂದು ಗುಣಿಸು ಒಂದು ಗುಣಿಸು ಹತ್ತು, ಅಂದರೆ 10 ಘನ ಅಡಿ. ಹೈಸ್ಕೂಲಿನಲ್ಲಿ ವೃತ್ತದ ಲೆಕ್ಕ ಕಲಿತ ಮರುವಾರವೇ ನಾನು ಜಾಣನಂತೆ ಹೋಗಿ ‘ಕಾಕಾ, ನಿಮ್ಮ ಲೆಕ್ಕ ತಪ್ಪು, ಇದು ಸುಮಾರು 12.7 ಬರಬೇಕು’ ಎಂದೆ. ಅವರು ಬೀಡಿ ತೆಗೆದು ನಕ್ಕರು. ‘ತಮ್ಮಾ, ನಿನ್ನದು ಗಿಡದ ಲೆಕ್ಕ, ನನ್ನದು ಹಲಗೆಯ ಲೆಕ್ಕ. ತೊಗಟೆ, ಸೀಳು, ಪುಡಿ ಎಲ್ಲ ಹೋದ ಮೇಲೆ ಕೈಗೆ ಎಷ್ಟು ಬರುತ್ತದೆ ಹೇಳು.’ ನೂರಕ್ಕೆ ಇಪ್ಪತ್ತೊಂದರಷ್ಟನ್ನು ಆ ದಾರವೇ ಮೊದಲು ಕಳೆದಿಟ್ಟಿರುತ್ತದೆ ಎಂದು ನನಗೆ ಹೊಳೆದದ್ದು ಕಾಲೇಜಿಗೆ ಹೋದ ಮೇಲೆ. ಸಂಗ್ರಹಾಲಯದಲ್ಲಿ ಆ ದಾರವನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟರೆ ಅದು ಬರೀ ದಾರ.

ಬೇವು, ಕರಿಜಾಲಿ, ಮಾವು ಎಲ್ಲ ಹೊಲದ ಬದುವಿನಿಂದ ಬರುತ್ತಿದ್ದವು. ಸಾಗುವಾನಿ ಬಂದರೆ ಅದು ಸಾವಕಾರರ ಮನೆಯ ಮದುವೆ ಎಂದು ಊರಿಗೇ ತಿಳಿಯುತ್ತಿತ್ತು. ಜಾಲಿ ಗಾಲಿಗೆ, ನೇಗಿಲಿಗೆ. ಬೇವು ಬಾಗಿಲಿಗೆ, ಪೆಟ್ಟಿಗೆಗೆ: ಕಹಿಗೆ ಹುಳ ಹತ್ತುವುದಿಲ್ಲ. ಕೊಯ್ದ ಹಲಗೆಯನ್ನು ಅಂದೇ ಮುಟ್ಟುವಂತಿರಲಿಲ್ಲ. ನಮ್ಮ ಬೇಸಿಗೆಯ ಬಿಸಿಲು ಹಸಿ ಹಲಗೆಯನ್ನು ಹಪ್ಪಳದಂತೆ ಸೊಟ್ಟ ಮಾಡಿಬಿಡುತ್ತದೆ. ತುದಿಗಳಿಗೆ ಸೆಗಣಿ ಬಳಿದು, ನಡುನಡುವೆ ಪಟ್ಟಿ ಕೊಟ್ಟು, ನೆರಳಲ್ಲಿ ಒಟ್ಟಿ, ತಿಂಗಳುಗಟ್ಟಲೆ ಕಾಯುತ್ತಿದ್ದರು. ಆಮೇಲೆ ರಂದಾ ಹೊಡೆದು ನುಣುಪು ಮಾಡುವುದು, ಒಂದು ತುಂಡಿನ ತೂತಿಗೆ ಇನ್ನೊಂದರ ನಾಲಿಗೆ ಕೂಡಿಸಿ ಬಿದಿರಿನ ಮೊಳೆ ಬಡಿಯುವುದು. ನಮ್ಮ ಮನೆಯ ಹೊರಸಿನಲ್ಲಿ ಕಬ್ಬಿಣದ ಒಂದು ಮೊಳೆಯೂ ಇಲ್ಲ. ನನ್ನಜ್ಜಿ ಹೆತ್ತದ್ದೂ ಅದರ ಮೇಲೆ, ಕಣ್ಣು ಮುಚ್ಚಿದ್ದೂ ಅದರ ಮೇಲೆ.

ಇದೆಲ್ಲ ಬರೆಯುವಾಗ ಆ ಕಾಲ ಬಂಗಾರದ್ದು ಎಂದು ನಿಮಗೆ ಅನಿಸಿದರೆ ತಪ್ಪು ನನ್ನದು. ಗರಗಸ ನಡೆಸುತ್ತಿದ್ದ ಚಾಚಾನ ಬಲಗೈಯಲ್ಲಿ ಮೂರೇ ಬೆರಳು. ಜಾಲಿಯ ಗಂಟು ಸಿಕ್ಕು ಹಲಗೆ ಹಾರಿದ ದಿನ ಉಳಿದೆರಡು ಪುಡಿಯಲ್ಲಿ ಬಿದ್ದವು. ಪರಿಹಾರವೆಂದು ಸಿಕ್ಕಿದ್ದು ಒಂದು ಚೀಲ ಜೋಳ, ಆಸ್ಪತ್ರೆಗೆ ಹೋಗಿ ಬರುವ ಖರ್ಚು. ಕಾಕಾಗೆ ರೈತರಿಂದ ಬರುತ್ತಿದ್ದದ್ದು ವರ್ಷಕ್ಕೊಮ್ಮೆ ಕಣದಲ್ಲಿ ಅಳೆಯುವ ಧಾನ್ಯದ ಪಾಲು, ಅಂದರೆ ಆಯ. ಮಳೆ ಕೈಕೊಟ್ಟ ವರ್ಷ ನೇಗಿಲು ರಿಪೇರಿ ಎಂದಿನಂತೆ, ಆಯ ಮಾತ್ರ ಮುಂದಿನ ವರ್ಷಕ್ಕೆ. ಊರಿನ ಮುಕ್ಕಾಲು ಬಾಗಿಲು ಅವರ ಕೈಯವು. ಅವರ ಗುಡಿಸಲಿಗೆ ನಾನು ಹುಡುಗನಾಗಿದ್ದಾಗ ಇದ್ದದ್ದು ತಟ್ಟಿಯ ಬಾಗಿಲು. ಫೋಟೊದ ಕೆಳಗೆ ‘ಆ ದಿನಗಳು ಮತ್ತೆ ಬಾರವು’ ಎಂದು ಬರೆದವರಿಗೆ ಹೇಳುತ್ತೇನೆ, ಅವುಗಳಲ್ಲಿ ಕೆಲವು ಬಾರದಿರುವುದೇ ಒಳ್ಳೆಯದು.

ಮಿಲ್ಲು ಹೇಗೆ ನಿಂತಿತು ಎಂಬುದಕ್ಕೆ ಊರಲ್ಲಿ ಹತ್ತು ಕತೆಗಳಿವೆ. ಟ್ರ್ಯಾಕ್ಟರ್ ಬಂದು ಗಾಲಿಯ ಕೆಲಸ ಹೋಯಿತು, ಕಬ್ಬಿಣದ ಕಿಟಕಿ ಬಂತು, ಮಾಲೀಕರ ಮಕ್ಕಳು ಹೈದರಾಬಾದಿಗೆ ಹೋದರು. ಸುಪ್ರೀಂ ಕೋರ್ಟು 1996ರ ಡಿಸೆಂಬರ್ 12ರಂದು, ಕಾಡಿನ ರಕ್ಷಣೆಗೆ ಸಂಬಂಧಿಸಿದ ಗೋದಾವರ್ಮನ್ ಪ್ರಕರಣದಲ್ಲಿ, ಕಾಡಿನೊಳಗಿನ ಗರಗಸದ ಮಿಲ್ಲುಗಳಿಗೆ ತಡೆ ಹಾಕಿತು. 2002ರಲ್ಲಿ, ತಾನೇ ನೇಮಿಸಿದ ಕೇಂದ್ರ ಸಮಿತಿ ಒಪ್ಪದೆ ಹೊಸ ಮಿಲ್ಲಿಗೆ ಅನುಮತಿ ಕೊಡಬಾರದೆಂದು ರಾಜ್ಯಗಳಿಗೆ ಹೇಳಿತು. ಕಾಡು ಉಳಿಯಬೇಕೆಂಬುದರಲ್ಲಿ ನನಗೆ ತಕರಾರಿಲ್ಲ. ಆದರೆ ಒಮ್ಮೆ ಮುಚ್ಚಿದ ಮಿಲ್ಲನ್ನು ಮತ್ತೆ ಎಬ್ಬಿಸುವುದು ಊರವರ ಕೈಮೀರಿದ ಮಾತಾಯಿತು.

ಇಷ್ಟಕ್ಕೂ ದೊಡ್ಡ ತಪ್ಪು ನಮ್ಮಂಥವರದ್ದು. ಕಲಬುರಗಿಯಲ್ಲಿ ಮನೆ ಮಾಡಿದಾಗ ಕಾಕಾ ‘ಬೇವಿನದೊಂದು ಕಪಾಟು ಮಾಡಿಕೊಡಲೇ?’ ಎಂದು ಕೇಳಿದ್ದರು. ಎರಡು ತಿಂಗಳು ಯಾರು ಕಾಯುತ್ತಾರೆ ಎಂದು ನಾನು ಅಂಗಡಿಯಿಂದ ಕನ್ನಡಿ ಹಚ್ಚಿದ ಕಪಾಟು ತಂದೆ. ಪುಡಿಯನ್ನು ಅಂಟಿನಲ್ಲಿ ಒತ್ತಿ ಮಾಡಿದ ಹಲಗೆ, ಮೇಲೆ ಸಾಗುವಾನಿಯ ಬಣ್ಣದ ಹಾಳೆ. ಅದನ್ನು ಕೂಲರಿನ ಪಕ್ಕ ನಿಲ್ಲಿಸಿದ್ದೆವು. ಕಲಬುರಗಿಯ ಏಪ್ರಿಲ್ ತಿಂಗಳಲ್ಲಿ ಕೂಲರ್ ಬಂದಾಗುವ ಮನೆ ಯಾವುದು? ಎರಡನೆಯ ಬೇಸಿಗೆಗೆ ಕೆಳಗಿನ ಹಲಗೆ ನೀರು ಕುಡಿದು ಬ್ರೆಡ್ಡಿನಂತೆ ಉಬ್ಬಿತು, ಬಾಗಿಲು ತಿರುಗಣಿ ಸಮೇತ ಕೈಗೆ ಬಂತು. ಅಂಗಡಿಯವನು ‘ಸಾರ್, ಇದಕ್ಕೆ ರಿಪೇರಿ ಇರುವುದಿಲ್ಲ’ ಎಂದ. ಆ ಮಾತನ್ನು ಕಾಕಾಗೆ ಹೇಳಿದಾಗ ಅವರಿಗೆ ಅರ್ಥವೇ ಆಗಲಿಲ್ಲ. ‘ಕಟ್ಟಿಗೆಯದಲ್ಲವೇ? ರಿಪೇರಿ ಏಕೆ ಇರುವುದಿಲ್ಲ?’

ಬೀದರ್ ಕೋಟೆಯ ರಂಗೀನ್ ಮಹಲಿಗೆ ಹೋದವರೆಲ್ಲ ಕರಿಕಲ್ಲಿನಲ್ಲಿ ಕೂರಿಸಿದ ಮುತ್ತಿನ ಚಿಪ್ಪಿನ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ನಾನು ಅಲ್ಲಿಯ ಕೆತ್ತಿದ ಕಟ್ಟಿಗೆಯ ಕಂಬಗಳ ಕೆಳಗೆ ಕತ್ತು ನೋಯುವವರೆಗೆ ನಿಂತಿದ್ದೆ. ಗೈಡು, ಮಹಲು ಕಟ್ಟಿಸಿದ ದೊರೆ ಅಲಿ ಬರೀದನ ಹೆಸರನ್ನು ಹತ್ತು ಸಲ ಹೇಳಿದ. ಕೆತ್ತಿದವರು ಯಾರೆಂದು ಕೇಳಿದರೆ ಮುಂದಿನ ಕೋಣೆಗೆ ನಡೆದ.

ಸಂಗ್ರಹಾಲಯ ಬೇಡವೆಂದು ನನ್ನ ವಾದವಲ್ಲ. ಅದಕ್ಕೆ ಮುನ್ನ ಕೆಲಸ ಕೊಡಿ ಎನ್ನುತ್ತೇನೆ. ಕಾಕಾನ ಮಗ ಇದ್ದಾನೆ, ಕೈ ಚುರುಕು, ಈಗ ಪುಣೆಯಲ್ಲಿ ಯಾರದೋ ಫ್ಲ್ಯಾಟುಗಳಿಗೆ ಪ್ಲೈವುಡ್ ಬಡಿಯುತ್ತಾನೆ. ಕಸುಬುದಾರರಿಗಾಗಿ ಕೇಂದ್ರ ತಂದ ಪಿಎಂ ವಿಶ್ವಕರ್ಮ ಯೋಜನೆ 2023ರ ಸೆಪ್ಟೆಂಬರ್ 17ರಂದು ಶುರುವಾಯಿತು. ನಮ್ಮಲ್ಲಿ ಅಂದು ಕಲ್ಯಾಣ ಕರ್ನಾಟಕ ಉತ್ಸವದ ಧ್ವಜ ಹಾರುವ ದಿನ, ಹಾಗಾಗಿ ನೆನಪಿದೆ. ಹದಿನೆಂಟು ಕಸುಬುಗಳ ಪಟ್ಟಿಯಲ್ಲಿ ಮೊದಲ ಹೆಸರೇ ಬಡಗಿಯದು. ಸಾಮಾನಿಗೆ 15,000 ರೂಪಾಯಿ, ಎರಡು ಕಂತಿನಲ್ಲಿ 3 ಲಕ್ಷದವರೆಗೆ ಸಾಲ, ಬಡ್ಡಿ ನೂರಕ್ಕೆ ಐದು. ಒಳ್ಳೆಯದೇ. ಆದರೆ ಸಾಲ ತಂದು ಕೊಂಡ ಮಿಷನ್ನಿಗೆ ಕೆಲಸ ತರುವವರು ಯಾರು? ನಮ್ಮೂರ ಶಾಲೆಯ ಡೆಸ್ಕು ಇನ್ನೂರು ಕಿಲೋಮೀಟರ್ ದೂರದಿಂದ ಲಾರಿಯಲ್ಲಿ ಬರುತ್ತದೆ. ಅದರ ಕಾಲು ಅಲ್ಲಾಡಿದರೆ ಮಕ್ಕಳು ಅದನ್ನು ಹಿಂದಿನ ಗೋಡೆಗೆ ಒಟ್ಟುತ್ತಾರೆ. ಪಂಚಾಯಿತಿಯವರು ಸಂಗ್ರಹಾಲಯಕ್ಕೆ ಎತ್ತಿಡುವ ದುಡ್ಡಿನಲ್ಲಿ ಮೊದಲು ಶಾಲೆಗೆ ಇಪ್ಪತ್ತು ಬೆಂಚು ಮಾಡಿಸಲಿ. ಮಿಲ್ಲಿನ ತಗಡು ಸರಿ ಮಾಡಿ, ಅದೇ ನೆರಳಲ್ಲಿ ರಂದಾ ಹೊಡೆಯಲು ಜಾಗ ಕೊಡಲಿ. ಫೋಟೊ ಆಗಲೂ ತೆಗೆಯಬಹುದು.

ಬರುವ ಸೋಮವಾರ ಈ ವಿಷಯಕ್ಕೆ ಪಂಚಾಯಿತಿಯಲ್ಲಿ ಸಭೆ ಇದೆಯಂತೆ. ಕಾಕಾನನ್ನು ಕರೆದುಕೊಂಡು ಹೋಗೋಣವೆಂದು ನಿನ್ನೆ ಫೋನ್ ಮಾಡಿದೆ. ಎಂಬತ್ತರ ಹತ್ತಿರ ಬಂದವರು, ನಡುಗುವ ದನಿಯಲ್ಲೇ ನನ್ನ ಮಾತು ಪೂರ್ತಿ ಕೇಳಿಸಿಕೊಂಡರು. ‘ಸೋಮವಾರ ಆಗುವುದಿಲ್ಲ ತಮ್ಮಾ’ ಎಂದರು. ‘ಕೆಳಗಿನ ಓಣಿಯಲ್ಲಿ ಒಂದು ಹೊಸ ಮನೆಗೆ ಚೌಕಟ್ಟು ನಿಲ್ಲಿಸುವ ಮುಹೂರ್ತವಿದೆ. ತೂಗುಗುಂಡು ಹಿಡಿಯಲು ನನ್ನನ್ನೇ ಕರೆದಿದ್ದಾರೆ.’