ಬಡ್ತಿ ಸಿಕ್ಕ ನರ್ಸ್ ರೋಗಿಯಿಂದ ದೂರವಾಗಲೇಬೇಕೆ?

ನರ್ಸಿಂಗ್ ವೃತ್ತಿಯಲ್ಲಿ ಬಹುಕಾಲದಿಂದ ನಡೆದುಬಂದಿರುವ ಒಂದು ಪದ್ಧತಿಯ ಬಗ್ಗೆ ನನಗೆ ತಕರಾರಿದೆ. ವಾರ್ಡಿನಲ್ಲಿ ಕೈ ಪಳಗಿದ, ಕಿರಿಯರು ದಿಕ್ಕು ತೋಚದಾಗ ಮೊದಲು ಹುಡುಕಿಕೊಂಡು ಹೋಗುವ ನರ್ಸ್, ಬಡ್ತಿ ಸಿಕ್ಕೊಡನೆ ರೋಗಿಯ ಮಗ್ಗುಲಿನಿಂದ ದೂರವಾಗುತ್ತಾಳೆ. ಮೇಲ್ವಿಚಾರಕಿಯಾದರೆ ಡ್ಯೂಟಿ ಪಟ್ಟಿ, ದಾಸ್ತಾನು, ರಜೆ ಅರ್ಜಿಗಳು; ಬೋಧಕಿಯಾದರೆ ತರಗತಿ, ಪರೀಕ್ಷೆ, ಅಂಕಪಟ್ಟಿಗಳು. ಎರಡೂ ಬೇಕಾದ ಕೆಲಸಗಳೇ, ಆದರೆ ಇಷ್ಟು ವರ್ಷ ರೋಗಿಗಳ ನಡುವೆ ಸಂಪಾದಿಸಿದ ತಿಳಿವಳಿಕೆ ಅಲ್ಲಿ ಬಳಕೆಯಾಗದೆ ಉಳಿದುಬಿಡುತ್ತದೆ.

ಆ ತಿಳಿವಳಿಕೆ ಎಂಥದ್ದೆಂದು ರಾತ್ರಿ ಪಾಳಿಯಲ್ಲಿ ನೋಡಬೇಕು. ಶಸ್ತ್ರಚಿಕಿತ್ಸೆಯಾಗಿ ಎರಡು ದಿನ ಕಳೆದ ರೋಗಿಯ ರಕ್ತದೊತ್ತಡ ಸರಿಯಿದೆ, ಜ್ವರವೂ ಹೆಚ್ಚಿಲ್ಲ. ಆದರೆ ಆತ ಹೊದಿಕೆಯನ್ನು ಮತ್ತೆ ಮತ್ತೆ ಸರಿಸುತ್ತಿದ್ದಾನೆ, ಕೇಳಿದ್ದಕ್ಕೆ ತುಸು ತಡವಾಗಿ ಉತ್ತರಿಸುತ್ತಿದ್ದಾನೆ. ಅನುಭವಿ ನರ್ಸ್ ಗಡಿಯಾರ ನೋಡುತ್ತಾ ಪೂರ್ತಿ ಒಂದು ನಿಮಿಷ ಉಸಿರು ಎಣಿಸುತ್ತಾಳೆ: ಸಂಜೆ 16 ಇದ್ದದ್ದು ಈಗ 26. ರಕ್ತದೊತ್ತಡ ಕುಸಿಯುವುದಕ್ಕೂ ಮುಂಚೆ ಸೋಂಕು ಮೈಯೆಲ್ಲ ವ್ಯಾಪಿಸುತ್ತಿರುವ ಸೂಚನೆ ಇದಾಗಿರಬಹುದು. ರಕ್ತಪರೀಕ್ಷೆ ಬೇಕು, ಆ್ಯಂಟಿಬಯೋಟಿಕ್ ಬೇಕಾದೀತು ಎಂಬುದು ಆಕೆಗೆ ಗೊತ್ತು. ಆದರೆ ಬರೆದುಕೊಡುವ ಅಧಿಕಾರ ಆಕೆಗಿಲ್ಲ, ವೈದ್ಯರು ಬರುವವರೆಗೆ ಕಾಯಬೇಕು.

ಹೆಚ್ಚಿನ ಓದು ಮತ್ತು ಅಧಿಕಾರದೊಂದಿಗೆ ನರ್ಸ್ ರೋಗಿಯ ಬಳಿಯೇ ಉಳಿಯುವ, ಅಡ್ವಾನ್ಸ್ಡ್ ಪ್ರಾಕ್ಟೀಸ್ ಎಂಬ ಮೂರನೆಯ ದಾರಿ ತುಂಬಲು ಹೊರಟಿರುವುದು ಈ ಅಂತರವನ್ನೇ. 1965ರಲ್ಲಿ ಅಮೆರಿಕದ ಕೊಲೊರಾಡೊ ವಿಶ್ವವಿದ್ಯಾಲಯದಲ್ಲಿ ನರ್ಸ್ ಲೊರೆಟ್ಟಾ ಫೋರ್ಡ್ ಮತ್ತು ಮಕ್ಕಳ ತಜ್ಞ ಹೆನ್ರಿ ಸಿಲ್ವರ್ ಸೇರಿ ಮೊದಲ ನರ್ಸ್ ಪ್ರಾಕ್ಟೀಷನರ್ ತರಬೇತಿಯನ್ನು ಆರಂಭಿಸಿದರು. ಇಂದು ಹಲವು ದೇಶಗಳಲ್ಲಿ ಇಂಥವರು ರೋಗಿಯನ್ನು ಪರೀಕ್ಷಿಸುತ್ತಾರೆ, ರೋಗ ನಿರ್ಣಯಿಸುತ್ತಾರೆ, ಔಷಧ ಬರೆಯುತ್ತಾರೆ. ಅಂತರರಾಷ್ಟ್ರೀಯ ನರ್ಸ್‌ಗಳ ಮಂಡಳಿ 2020ರ ಮಾರ್ಗಸೂಚಿಯಲ್ಲಿ ಈ ಹಂತಕ್ಕೆ ಸ್ನಾತಕೋತ್ತರ ಪದವಿಯನ್ನು ಶಿಫಾರಸು ಮಾಡಿದೆ. ಪದವಿ ಕೇಳುವುದು ಸರಿಯೇ. ಆದರೆ ಓದು ಮುಗಿಸಿ ಬಂದವಳಿಗೆ ಹೊಸ ಹೆಸರಿನ ಬಿಲ್ಲೆ ಕೊಟ್ಟು, ಹಳೆಯ ಕೆಲಸವನ್ನೇ ಮಾಡಿಸುವ ಆಸ್ಪತ್ರೆಗಳ ವಿಷಯದಲ್ಲಿ ನನಗೆ ಸಹನೆಯಿಲ್ಲ. ವೈದ್ಯರ ಕೊರತೆಯನ್ನು ಅಗ್ಗದಲ್ಲಿ ನೀಗಿಸಿಕೊಳ್ಳಲು ಈ ಹುದ್ದೆಗಳನ್ನು ಸೃಷ್ಟಿಸಿ, ವಾರ್ಡಿನಲ್ಲಿ ಖಾಲಿಯಾದ ಜಾಗಗಳನ್ನು ಹಾಗೆಯೇ ಬಿಡುವುದೂ ಅಷ್ಟೇ ತಪ್ಪು.

ನಾಯಕತ್ವದ ಮಾತು ಬಂದಾಗ ಡ್ಯೂಟಿ ಪಟ್ಟಿಯನ್ನು ಗುಮಾಸ್ತಿಕೆ ಎಂದು ಕಡೆಗಣಿಸುವವರಿದ್ದಾರೆ. ಯುರೋಪಿನ 9 ದೇಶಗಳ ಆಸ್ಪತ್ರೆಗಳಲ್ಲಿ ಶಸ್ತ್ರಚಿಕಿತ್ಸೆಗೊಳಗಾದವರನ್ನು ಕುರಿತು ನರ್ಸಿಂಗ್ ಸಂಶೋಧಕಿ ಲಿಂಡಾ ಏಕನ್ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಒಬ್ಬ ನರ್ಸ್ ಮೇಲೆ ಒಬ್ಬ ರೋಗಿಯ ಹೊರೆ ಹೆಚ್ಚಿದಂತೆ 30 ದಿನಗಳೊಳಗೆ ಸಾವು ಸಂಭವಿಸುವ ಸಾಧ್ಯತೆ ಶೇ 7ರಷ್ಟು ಏರುತ್ತದೆ. ಪದವೀಧರ ನರ್ಸ್‌ಗಳ ಪ್ರಮಾಣ ಶೇ 10ರಷ್ಟು ಹೆಚ್ಚಿದಲ್ಲಿ ಅದು ಶೇ 7ರಷ್ಟು ಇಳಿಯುತ್ತದೆ. ಸಂಬಂಧವಿದೆ ಎಂದಷ್ಟೇ ಇಂಥ ಅಧ್ಯಯನ ಹೇಳಬಲ್ಲದು, ನಿಜ. ಆದರೂ ಯಾವ ಪಾಳಿಯಲ್ಲಿ ಎಷ್ಟು ಮಂದಿ ಇರಬೇಕೆಂಬುದು ಚಿಕಿತ್ಸೆಗೇ ಸೇರಿದ ತೀರ್ಮಾನ ಎಂದು ಒಪ್ಪಲು ಇಷ್ಟು ಸಾಕು. ಅದನ್ನು ಮಾಡಬೇಕಾದ ನರ್ಸಿಂಗ್ ಮುಖ್ಯಸ್ಥೆಗೆ ಬಜೆಟ್ ಸಭೆಯಲ್ಲಿ ಕುರ್ಚಿಯೇ ಇಲ್ಲದಿದ್ದರೆ ಆಕೆ ಇರುವ ಕೊರತೆಯನ್ನು ಪಾಳಿಗಳಿಗೆ ಹಂಚುವವಳಷ್ಟೇ ಆಗುತ್ತಾಳೆ.

ಇನ್ನು ಶಿಕ್ಷಣ. ರೋಗಿಯನ್ನು ಮುಟ್ಟಿ ವರ್ಷಗಳಾದ ಬೋಧಕಿ ಪ್ರಯೋಗಾಲಯದ ಬೊಂಬೆಯ ಮೇಲೆ ಕಲಿಸಿದ ಕ್ರಮಕ್ಕೂ ವಾರ್ಡಿನಲ್ಲಿ ನಡೆಯುವುದಕ್ಕೂ ತಾಳೆಯಾಗದೆ ವಿದ್ಯಾರ್ಥಿಗಳು ಕಂಗೆಡುತ್ತಾರೆ. ವಾರದ ಕೆಲವು ದಿನ ಕಾಲೇಜಿನಲ್ಲಿ ಪಾಠ, ಉಳಿದ ದಿನ ಆಸ್ಪತ್ರೆಯಲ್ಲಿ ಸೇವೆ ಎಂಬ ಜಂಟಿ ನೇಮಕಾತಿ ಇದಕ್ಕೆ ತಕ್ಕ ಏರ್ಪಾಡು ಎಂದು ನನ್ನ ಅಭಿಪ್ರಾಯ. ಅದು ಸಾಧಾರಣವಾಗಿ ಮುಗ್ಗರಿಸುವುದು ಸಂಬಳವನ್ನು ಯಾರು ಎಷ್ಟು ಭರಿಸಬೇಕು, ಆಕೆ ಯಾರಿಗೆ ಉತ್ತರ ಹೇಳಬೇಕು ಎಂಬಲ್ಲಿ. ನೇಮಕದ ಆದೇಶದಲ್ಲೇ ಎರಡನ್ನೂ ಬರೆದಿಡದಿದ್ದರೆ ಎರಡೂ ಕಡೆಯವರು ಪೂರ್ಣಾವಧಿಯ ದುಡಿಮೆಯನ್ನೇ ಕೇಳುತ್ತಾರೆ, ಆಕೆ ಕೊನೆಗೆ ಒಂದನ್ನು ಬಿಡುತ್ತಾಳೆ.