ಹಸಿವಿಲ್ಲದವನಿಗೆ ಬೆಳ್ಳಿ ತಟ್ಟೆ

ಅರಸೀಕೆರೆಯಲ್ಲಿ ಒಂದು ಮದುವೆ. ಎರಡನೇ ಪಂಕ್ತಿಯಲ್ಲಿ ನನಗೆ ಸಿಕ್ಕಿದ್ದು ಇಬ್ಬರು ಹುಡುಗರ ನಡುವಿನ ಕುರ್ಚಿ. ಎಡಗಡೆ ನನ್ನ ಅಕ್ಕನ ಮಗ, ಕಂಪ್ಯೂಟರಿನಲ್ಲಿ ಗೇಮ್ ಆಡುವ ಪಿಸಿ ಪಂಗಡದವನು. ಬಲಗಡೆ ಹೆಣ್ಣಿನ ಕಡೆಯ ಹುಡುಗ, ಟಿವಿಗೆ ಗೇಮಿನ ಪೆಟ್ಟಿಗೆ ಸಿಕ್ಕಿಸಿ ಆಡುವ ಕನ್ಸೋಲ್ ಪಂಗಡ. ಇಬ್ಬರೂ ಎಂಜಿನಿಯರ್‌ಗಳು, ಇಬ್ಬರಿಗೂ ಇಎಂಐ ಇದೆ. ಪರಿಚಯವಾಗಿ ಹತ್ತು ನಿಮಿಷ ಆಗಿರಲಿಲ್ಲ, ಕೋಸಂಬರಿ ಬರುವ ಹೊತ್ತಿಗೆ ಜಗಳ ಶುರುವಾಗಿತ್ತು.

"ಕನ್ಸೋಲ್ ಅಂದ್ರೆ ಕಂಪನಿ ಹೇಳಿದ ಹಾಗೆ ಕುಣಿಯೋದು ಬ್ರೋ."

"ಪಿಸಿ ತಗೊಳ್ಳೋದು ಆಟ ಆಡೋಕಲ್ಲ ಬ್ರೋ, ರಿಪೇರಿ ಮಾಡೋಕೆ."

ನಾನು ಸುಮ್ಮನೆ ಪಲ್ಯ ತಿಂದುಕೊಂಡಿರಬೇಕಿತ್ತು. ಬಾಯಿ ತಪ್ಪಿ ಅಂದುಬಿಟ್ಟೆ: "ನನಗ್ಯಾಕೋ ಈಚೆಗೆ ಗೇಮ್ ಆಡೋದೇ ಬೇಡ ಅನ್ನಿಸ್ತಿದೆ ಕಣ್ರಪ್ಪಾ."

ಅಷ್ಟು ಹೊತ್ತು ಕಿತ್ತಾಡುತ್ತಿದ್ದವರು ಆ ಕ್ಷಣಕ್ಕೆ ಒಂದಾದರು. "ಮಾವ, ನೀವು ಸೆಕೆಂಡಿಗೆ 60 ಫ್ರೇಮ್‌ನಲ್ಲಿ ಆಡಿರ್ತೀರ, ಅದಕ್ಕೇ. ಒಂದ್ಸಲ 144 ಹರ್ಟ್ಸ್ ಮಾನಿಟರ್ ನೋಡಿ" ಅಂದ ಎಡಗಡೆಯವನು. "ಅಂಕಲ್, ನೀವು ಚೇರ್ ಮೇಲೆ ಕೂತು ಆಡ್ತೀರಲ್ಲ, ಅದೇ ತಪ್ಪು. ಸೋಫಾ, 55 ಇಂಚಿನ ಟಿವಿ, ಕೈಯಲ್ಲಿ ಕಂಟ್ರೋಲರ್. ಆಮೇಲೆ ಹೇಳಿ" ಅಂದ ಬಲಗಡೆಯವನು. ಅಂಕಲ್ ಅಂದಿದ್ದನ್ನು ಹೊಟ್ಟೆಗೆ ಹಾಕಿಕೊಂಡೆ.

ಹಸಿವಿಲ್ಲ ಅಂದರೆ ಯಾಕೆ ಅಂತ ಇಬ್ಬರೂ ಕೇಳಲಿಲ್ಲ. ಒಬ್ಬ ಬೆಳ್ಳಿ ತಟ್ಟೆ ತೋರಿಸಿದ, ಇನ್ನೊಬ್ಬ ಬಾಳೆ ಎಲೆ ತೋರಿಸಿದ. ಹುಡುಗರನ್ನು ಅಂದು ಏನು ಪ್ರಯೋಜನ? ಇಡೀ ಗೇಮ್ ವ್ಯಾಪಾರ ನಡೆಯುತ್ತಿರುವುದೇ ಹೀಗೆ.

ಮೊದಲು ಈ ಪಂಗಡಗಳ ಕಥೆ. ಪಿಸಿಯವರಲ್ಲಿ ಚಿಪ್ಪಿನ ಕಂಪನಿ ಮೇಲೆ ಒಳಪಂಗಡಗಳಿವೆ: ಇಂಟೆಲ್ ಮನೆತನ, ಎಎಂಡಿ ಮನೆತನ. ಕನ್ಸೋಲಿನಲ್ಲಿ ಪ್ಲೇಸ್ಟೇಷನ್ ಮಾಡುವ ಸೋನಿ ಒಂದು ಕಡೆ, ಎಕ್ಸ್‌ಬಾಕ್ಸ್ ಮಾಡುವ ಮೈಕ್ರೋಸಾಫ್ಟ್ ಇನ್ನೊಂದು ಕಡೆ. ನಿಂಟೆಂಡೊದವರು ತಮ್ಮ ಪಾಡಿಗೆ ತಾವು ಬೇರೆ ಊರಲ್ಲಿದ್ದಾರೆ, ಅವರ ತಂಟೆಗೆ ಯಾರೂ ಹೋಗುವುದಿಲ್ಲ. ಇನ್ನು ಪ್ಲೇಸ್ಟೇಷನ್ 5 ಬಿಚ್ಚಿದರೆ ಒಳಗಿರುವುದು ಎಎಂಡಿ ಚಿಪ್ಪು. ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ ಬಿಚ್ಚಿದರೂ ಎಎಂಡಿ ಚಿಪ್ಪು. ಅಕ್ಕನ ಮಗನ ಪಿಸಿಯಲ್ಲೂ ಅದೇ ಕಂಪನಿಯದ್ದು. ಮೂರು ಮದುವೆಗೂ ಒಬ್ಬರೇ ಅಡುಗೆ ಭಟ್ಟರು, ಆದರೆ ನಮ್ಮ ಕಡೆ ಸಾರೇ ರುಚಿ ಅಂತ ಹೊಡೆದಾಟ.

ಇನ್ನೂ ತಮಾಷೆಯೆಂದರೆ, ಯುದ್ಧಕ್ಕೆ ಕಳಿಸಿದ ರಾಜರು ಯಾವಾಗಲೋ ಬೀಗರಾಗಿದ್ದಾರೆ. ನಮ್ಮ ಆಟ ನಮ್ಮ ಪೆಟ್ಟಿಗೆಯಲ್ಲಿ ಮಾತ್ರ ಅನ್ನುತ್ತಿದ್ದ ಸೋನಿ, 2020ರಲ್ಲಿ 'ಹೊರೈಜನ್ ಝೀರೋ ಡಾನ್' ಅನ್ನು ಪಿಸಿಗೆ ಕೊಟ್ಟಿತು. ಆಮೇಲೆ ಒಂದೊಂದಾಗಿ ಇನ್ನಷ್ಟು ಬಂದವು. 2024ರ ನವೆಂಬರ್‌ನಲ್ಲಿ ಮೈಕ್ರೋಸಾಫ್ಟ್ ಜಾಹೀರಾತು ಮಾಡಿ, ಫೋನ್ ತೋರಿಸಿ ಇದು ಎಕ್ಸ್‌ಬಾಕ್ಸ್ ಅಂದಿತು. ಟಿವಿ ತೋರಿಸಿ ಇದೂ ಎಕ್ಸ್‌ಬಾಕ್ಸ್, ಲ್ಯಾಪ್‌ಟಾಪ್ ತೋರಿಸಿ ಇದೂ ಎಕ್ಸ್‌ಬಾಕ್ಸ್ ಅಂದಿತು. ಹಾಗಾದರೆ ನಲವತ್ತೈವತ್ತು ಸಾವಿರ ಕೊಟ್ಟು ಕಪ್ಪು ಡಬ್ಬ ತಂದವನು ಏನು ಅಂದುಕೊಳ್ಳಬೇಕು? 2025ರ ಅಕ್ಟೋಬರ್‌ನಲ್ಲಂತೂ 'ಹೇಲೋ' ಆಟ ಪ್ಲೇಸ್ಟೇಷನ್‌ಗೂ ಬರುತ್ತದೆ ಎಂದು ಘೋಷಿಸಿದರು. 2001ರಲ್ಲಿ ಎಕ್ಸ್‌ಬಾಕ್ಸ್ ಎನ್ನುವ ಮನೆ ಎದ್ದು ನಿಂತಿದ್ದೇ ಆ ಆಟದ ಹೆಗಲ ಮೇಲೆ. ಮನೆದೇವರನ್ನೇ ಎದುರುಮನೆಯವರಿಗೆ ಪೂಜೆಗೆ ಕೊಟ್ಟ ಹಾಗಾಯಿತು. ರಾಜರು ಒಂದೇ ಪಂಕ್ತಿಯಲ್ಲಿ ಕೂತು ಹೋಳಿಗೆ ತಿನ್ನುತ್ತಿದ್ದಾರೆ. ಕಾಲಾಳುಗಳು ಮಾತ್ರ ಛತ್ರದ ಹೊರಗೆ ಇನ್ನೂ ಕಲ್ಲು ತೂರುತ್ತಿದ್ದಾರೆ.

ಆದರೂ ಹಿರಿಯನಾಗಿ ಇಬ್ಬರ ಮಾತಿಗೂ ಬೆಲೆ ಕೊಡಬೇಕಲ್ವಾ? ಮದುವೆ ಮುಗಿದ ಮೇಲೆ, ಮೊದಲು ಪಿಸಿ ನೋಡೋಣ ಅಂತ ಕಂಪ್ಯೂಟರ್ ಅಂಗಡಿಗಳಿರುವ ಬೆಂಗಳೂರಿನ ಎಸ್‌ಪಿ ರೋಡಿಗೆ ಹೋಗಿದ್ದೂ ಆಯಿತು.

ಅಂಗಡಿ ನಾಲ್ಕಡಿ ಅಗಲ. ಗೋಡೆ ತುಂಬ ಗ್ರಾಫಿಕ್ಸ್ ಕಾರ್ಡಿನ ಡಬ್ಬಗಳು. ಎಲ್ಲದರ ಮೇಲೂ ಡ್ರ್ಯಾಗನ್ನೋ, ಕೋಪ ಮಾಡಿಕೊಂಡ ರೋಬೋಟೋ. ಮಾಲೀಕರು ತಲೆಯೆತ್ತದೆ ಕೇಳಿದರು: "ಗೇಮಿಂಗಾ ಸಾರ್, ಎಡಿಟಿಂಗಾ?" ಗೇಮಿಂಗ್ ಅಂದೆ. "ಬಜೆಟ್ ಎಷ್ಟು?" ಎಂಬತ್ತು ಸಾವಿರ ಅಂದೆ. ಆಗ ತಲೆಯೆತ್ತಿ ನೋಡಿದರು, ಪಾಪ ಅನ್ನುವ ಹಾಗೆ. ಹಳೇ ಬಿಲ್ಲಿನ ಹಿಂದೆ ಪೆನ್ಸಿಲ್‌ನಲ್ಲಿ ಬರೆಯುತ್ತಾ ಹೋದರು. ಈ ಪ್ರೊಸೆಸರ್ ಹಾಕಿದರೆ ಆ ಕಾರ್ಡ್ ದಂಡ. ಆ ಕಾರ್ಡ್ ಹಾಕಿದರೆ ಈ ಪವರ್ ಸಪ್ಲೈ ಸಾಲದು. ಕೊನೆಗೆ 1,34,000 ಆಯಿತು. "ಈ ರೇಟು ಸಂಜೆವರೆಗೆ ಮಾತ್ರ ಸಾರ್. ರ‍್ಯಾಮ್ ದಿನಾ ಏರ್ತಿದೆ."

ಚಿನ್ನ ದಿನಾ ಏರುವುದು ಗೊತ್ತಿತ್ತು, ಟೊಮ್ಯಾಟೊ ಏರುವುದೂ ಗೊತ್ತಿತ್ತು. ಈಗ ರ‍್ಯಾಮ್. ಕಾರಣ ಕೇಳಿದರೆ ಎಐ ಡೇಟಾ ಸೆಂಟರ್‌ಗಳು. ಅವರು ಲಾರಿ ಲೋಡುಗಟ್ಟಲೆ ಮೆಮೊರಿ ಕೊಳ್ಳುವಾಗ ನಮ್ಮ ಎರಡು ಕಡ್ಡಿಗೆ ಯಾರು ಕಾಯುತ್ತಾರೆ? 2025ರ ಡಿಸೆಂಬರ್‌ನಲ್ಲಿ ಮೈಕ್ರಾನ್ ಕಂಪನಿಯಂತೂ, ನಮ್ಮಂಥವರಿಗೆ ಮಾರುತ್ತಿದ್ದ 'ಕ್ರೂಶಿಯಲ್' ಬ್ರ್ಯಾಂಡನ್ನೇ ನಿಲ್ಲಿಸುತ್ತೇವೆ ಎಂದುಬಿಟ್ಟಿತು. ಅದಕ್ಕೆ ಮೊದಲು ಕೊರೊನಾ ಕಾಲದಲ್ಲಿ ಗ್ರಾಫಿಕ್ಸ್ ಕಾರ್ಡುಗಳನ್ನು ಕಾಯಿನ್ ಮೈನಿಂಗ್‌ನವರು, ಅಂದರೆ ಕಂಪ್ಯೂಟರ್ ಓಡಿಸಿ ಡಿಜಿಟಲ್ ನಾಣ್ಯ ಗಳಿಸುವವರು, ಮೂಟೆ ಕಟ್ಟಿಕೊಂಡು ಹೋಗಿದ್ದರು. 2022ರ ಸೆಪ್ಟೆಂಬರ್‌ನಲ್ಲಿ ಇಥೀರಿಯಂ ಎಂಬ ನಾಣ್ಯ ಆ ಕಾರ್ಡುಗಳು ಬೇಡದ ಪದ್ಧತಿಗೆ ಬದಲಾದ ಮೇಲೆಯೇ ಆ ಕಾಟ ತಗ್ಗಿದ್ದು. ಅಂದರೆ ಗೇಮಿಂಗ್ ಪಿಸಿಯ ಭಾಗಗಳನ್ನು ಗೇಮ್ ಆಡುವವರೊಬ್ಬರನ್ನು ಬಿಟ್ಟು ಜಗತ್ತಿನ ಉಳಿದವರೆಲ್ಲ ಕೊಳ್ಳುತ್ತಾರೆ.

ಅಂಗಡಿಯಲ್ಲಿ ಎನ್ವಿಡಿಯಾದ 5090 ಕಾರ್ಡನ್ನೂ ತೋರಿಸಿದರು. ಮುಟ್ಟಲು ಕೊಡಲಿಲ್ಲ. ಭಾರತದಲ್ಲಿ ಅದರ ಬೆಲೆ ಶುರುವಾಗಿದ್ದೇ ಎರಡು ಲಕ್ಷ ದಾಟಿ. ಅದೊಂದು ಕಾರ್ಡಿಗೇ 575 ವ್ಯಾಟ್ ಕರೆಂಟ್ ಬೇಕು. ನಮ್ಮನೆ ಮಿಕ್ಸಿ 500 ವ್ಯಾಟ್. ಅದು ಎರಡು ನಿಮಿಷ ಅರಚಿ, ಚಟ್ನಿ ಕೊಟ್ಟು ಸುಮ್ಮನಾಗುತ್ತದೆ.

ಸರಿ, ಕನ್ಸೋಲ್ ನೋಡೋಣ. ಅದು ಸುಲಭ, ಪೆಟ್ಟಿಗೆ ತಂದು ಟಿವಿಗೆ ಸಿಕ್ಕಿಸಿದರೆ ಆಯಿತು ಅನ್ನುತ್ತಾರೆ. ಸೋನಿ 2024ರ ಸೆಪ್ಟೆಂಬರ್‌ನಲ್ಲಿ ಪಿಎಸ್5 ಪ್ರೊ ಎಂದು ಒಂದನ್ನು ತೋರಿಸಿತು. ಅಮೆರಿಕದಲ್ಲಿ ಆಗ 700 ಡಾಲರ್. ಅದರಲ್ಲಿ ಡಿಸ್ಕ್ ಹಾಕುವ ಜಾಗ ಇಲ್ಲ, ಬೇಕಾದರೆ ಬೇರೆ ಕೊಳ್ಳಿ. ನೆಟ್ಟಗೆ ನಿಲ್ಲಿಸುವ ಸ್ಟ್ಯಾಂಡ್ ಇಲ್ಲ, ಅದೂ ಬೇರೆ. ಒಟ್ಟಿನಲ್ಲಿ ಮಂಚ ಕೊಂಡರೆ ಕಾಲು ಬೇರೆ. ಇರಲಿ, ನಮಗೆ ಆ ಯೋಗವೂ ಬರಲಿಲ್ಲ. ಅದರೊಳಗಿನ ಹೊಸ ವೈಫೈ ಬಳಸುವ 6 ಗಿಗಾಹರ್ಟ್ಸ್ ತರಂಗಕ್ಕೆ ಆಗ ಭಾರತದಲ್ಲಿ ಅನುಮತಿ ಇರಲಿಲ್ಲ. ಹಾಗಾಗಿ ಇಲ್ಲಿ ಬಿಡುಗಡೆ ಇಲ್ಲ ಎಂದರು. ನಮ್ಮನೆ ವೈಫೈ ಹಾಲಿನಿಂದ ಹೊರಟು ಬೆಡ್‌ರೂಮ್ ತಲುಪುವಷ್ಟರಲ್ಲಿ ಸುಸ್ತಾಗಿ ಕೂತುಬಿಡುತ್ತದೆ. ಅದರ ಹೆಸರಲ್ಲಿ ಇಷ್ಟು ದೊಡ್ಡ ಮಟ್ಟದ ತಕರಾರು ನಡೆದಿದ್ದು ನನಗೆ ಒಂಥರಾ ಹೆಮ್ಮೆಯೇ.

ತೆರಿಗೆ ಹಾಕುವವರಿಗೂ ಈ ಪೆಟ್ಟಿಗೆ ಕಂಡರೆ ಆಗುತ್ತಿರಲಿಲ್ಲ. 2017ರಲ್ಲಿ ಜಿಎಸ್‌ಟಿ ಬಂದಾಗ ವಿಡಿಯೋ ಗೇಮ್ ಕನ್ಸೋಲಿಗೆ ಬಿದ್ದಿದ್ದು 28%, ಗುಟ್ಕಾ, ಪಾನ್ ಮಸಾಲದ ಸಾಲಿನಲ್ಲಿ. ಕಂಪ್ಯೂಟರಿಗೆ 18%. ಇಸ್ಪೀಟ್ ಎಲೆಗೆ 12%. ಯುಗಾದಿ ಮಾರನೇ ದಿನ ಹೊಸತೊಡಕಿಗೆ ಮಂಡ್ಯ ಕಡೆ ಮರದ ನೆರಳಲ್ಲಿ ಅಂದರ್ ಬಾಹರ್ ಆಡುವವರು ಅಷ್ಟರಮಟ್ಟಿಗೆ ದೇಶಕ್ಕೆ ಹತ್ತಿರದವರು, ಮನೆಯಲ್ಲಿ ಕೂತು ಟಿವಿಯೊಳಗೆ ಫುಟ್ಬಾಲ್ ಆಡುವವನು ಚಟಗಾರ.

ಹೀಗೆಲ್ಲ ಬರೆಯುತ್ತಿದ್ದೇನೆಂದರೆ ನನ್ನ ಹತ್ತಿರ ಏನೂ ಇಲ್ಲ ಅಂದುಕೊಳ್ಳಬೇಡಿ. ಟಿವಿ ಕೆಳಗೆ ಒಂದು ಕನ್ಸೋಲ್ ಇದೆ, ಯಾವ ಕಂಪನಿಯದ್ದು ಅಂತ ಹೇಳುವುದಿಲ್ಲ. ಅದರ ಮೇಲೆ ಹೆಂಡತಿ ಒಂದು ಕ್ರೋಶಾ ಬಟ್ಟೆ ಹಾಸಿ ಗಣಪತಿ ಇಟ್ಟಿದ್ದಾಳೆ. ಮೊನ್ನೆ ಶನಿವಾರ ರಾತ್ರಿ ಮಗಳು ಮಲಗಿದ ಮೇಲೆ ಗಣಪತಿಯನ್ನು ಪಕ್ಕಕ್ಕಿಟ್ಟು ಪೆಟ್ಟಿಗೆ ಆನ್ ಮಾಡಿದೆ. ಗಂಟೆ 10:40.

ಮೊದಲು ಸಿಸ್ಟಮ್ ಅಪ್‌ಡೇಟ್ ಕೇಳಿತು, ಮಾಡಿದೆ. ಆಮೇಲೆ ಕಂಟ್ರೋಲರ್‌ಗೂ ಅಪ್‌ಡೇಟ್ ಬೇಕು ಅಂದಿತು. ಕೈಯಲ್ಲಿ ಹಿಡಿಯುವ ಗುಂಡಿಗಳಿಗೆ ಏನು ಹೊಸ ವಿದ್ಯೆ ಕಲಿಸುತ್ತಾರೋ ಗೊತ್ತಾಗಲಿಲ್ಲ. ಅದನ್ನು ಮಾಡಲು ವೈರ್ ಸಿಕ್ಕಿಸಿ ಅಂದಿತು. ವೈರ್ ಹುಡುಕಿದೆ, ಸಿಕ್ಕಿತು, ಫ್ರಿಡ್ಜ್ ಮೇಲೆ. ಆಮೇಲೆ ಆಟದ ಅಪ್‌ಡೇಟ್: 61 ಜಿಬಿ. ಜಾಗ ಸಾಲದು, ಏನಾದರೂ ಅಳಿಸಿ. ಒಂದು ಸಲವೂ ಆಡದ ಇನ್ನೊಂದು ಆಟ ಅಳಿಸಿದೆ. ಡೌನ್‌ಲೋಡ್ ಓಡುವಷ್ಟರಲ್ಲಿ ಕಡಲೆಕಾಳು ನೆನೆಹಾಕಿದೆ, ಪಾತ್ರೆ ತೊಳೆದೆ, ಸಿಂಕ್ ಒರೆಸಿದೆ. ಈ ಒಂದು ವಿಷಯದಲ್ಲಿ ಗೇಮಿಂಗ್‌ನಿಂದ ಮನೆಗೆ ನಿಜವಾಗಿಯೂ ಉಪಕಾರವಾಗಿದೆ.

11:50ಕ್ಕೆ ಆಟ ತೆರೆಯಿತು. ಅಕೌಂಟ್ ಇದೆಯಾ? ಇದೆ. ಈ ಅಕೌಂಟ್ ಅಲ್ಲ, ಆಟ ಮಾಡಿದ ಕಂಪನಿಯ ಅಕೌಂಟ್. ಪಾಸ್‌ವರ್ಡ್ ಮರೆತಿತ್ತು. ಓಟಿಪಿ ಬಂತು, ಹೊಡೆದೆ. ನಿಯಮಗಳಿಗೆ ಒಪ್ಪಿಗೆ ಕೊಡಿ. ಕೊಟ್ಟೆ, ಓದಲಿಲ್ಲ, ಗೃಹಸಾಲದ ಕಾಗದವನ್ನೇ ಓದದವನು ನಾನು. ಈಗ ನಿಮ್ಮ ಮುಖ ತಯಾರಿಸಿಕೊಳ್ಳಿ ಅಂದಿತು. ಹುಬ್ಬಿನ ಎತ್ತರ, ಗಲ್ಲದ ಚೂಪು, ಮೀಸೆಯ ತುದಿ. ಅರ್ಧ ಗಂಟೆ ಮೀಸೆ ತಿದ್ದಿದೆ, ಕೊನೆಗೆ ನಮ್ಮ ಚಿಕ್ಕಪ್ಪನ ಥರ ಕಂಡ. ಸಾಕು ಅಂತ ಬಿಟ್ಟೆ. ಸ್ಟೀಮ್ ಎಂಬ ಪಿಸಿ ಆಟಗಳ ಆನ್‌ಲೈನ್ ಅಂಗಡಿಯಲ್ಲಿ ಎರಡು ಗಂಟೆಗಿಂತ ಕಡಿಮೆ ಆಡಿ 14 ದಿನದೊಳಗೆ ಕೇಳಿದರೆ ದುಡ್ಡು ವಾಪಸ್ ಕೊಡುತ್ತಾರೆ. ಆ ಎರಡು ಗಂಟೆಯಲ್ಲಿ ಮೀಸೆಗೆ ಎಷ್ಟು, ಆಟಕ್ಕೆ ಎಷ್ಟು ಅಂತ ಅವರು ಬಿಡಿಸಿ ಹೇಳುವುದಿಲ್ಲ.

ಕೊನೆಗೂ ಚಿಕ್ಕಪ್ಪ ಒಂದು ಹಳ್ಳಿಗೆ ಕಾಲಿಟ್ಟ. ಒಂದು ಪಟ್ಟಿ ಬಿಚ್ಚಿಕೊಂಡಿತು. ಇವತ್ತಿನ ಕೆಲಸ: ಮೂರು ಜಿಂಕೆ ಹೊಡಿ, ಎಂಟು ಬೇರು ಅಗೆ, ಕಮ್ಮಾರನಿಗೆ ಕಬ್ಬಿಣ ಮುಟ್ಟಿಸು. ಈ ವಾರದ ಕೆಲಸ ಬೇರೆ. ಸೀಸನ್ ಮುಗಿಯಲು ಹನ್ನೊಂದು ದಿನ, ಅಷ್ಟರಲ್ಲಿ ಮಾಡಿದರೆ ಕೆಂಪು ಟೋಪಿ ಸಿಗುತ್ತದೆ. ನನ್ನ ಎದೆ ಧಸಕ್ಕೆಂದಿತು. ಶುಕ್ರವಾರ ಸಂಜೆ ಆಫೀಸಿನಲ್ಲಿ ಮುಚ್ಚಿಟ್ಟು ಬಂದ ಪಟ್ಟಿ ಇದೇ ಅಲ್ವಾ? ಅದರಲ್ಲೂ ಗಡುವಿದೆ, ಅದರಲ್ಲೂ ಕಮ್ಮಾರನಂಥ ಒಬ್ಬರಿದ್ದಾರೆ. ಅಲ್ಲಿ ತಿಂಗಳ ಕೊನೆಗೆ ಸಂಬಳವಾದರೂ ಬರುತ್ತದೆ. ಆಫ್ ಮಾಡಿದೆ. ಗಣಪತಿಯನ್ನು ಮತ್ತೆ ಕೂರಿಸಿದೆ.

ನಮ್ಮ ಕಾಲದಲ್ಲಿ ಹೀಗಿರಲಿಲ್ಲ ಅಂತ ಶುರುಮಾಡುವುದಿಲ್ಲ, ಹೆದರಬೇಡಿ. ನಮ್ಮ ಕಾಲದ ಟಿವಿ ಗೇಮೂ ಸುಳ್ಳು ಹೇಳುತ್ತಿತ್ತು. ಕಾರ್ಟ್ರಿಜ್ ಮೇಲೆ 99,999 ಆಟ ಅಂತ ಇರುತ್ತಿತ್ತು, ಒಳಗೆ ಮಾರಿಯೋ, ಕಾಂಟ್ರಾ ಮತ್ತು ಅವುಗಳದ್ದೇ ಬೇರೆ ಬೇರೆ ಹೆಸರು. ಆದರೆ ಅದು ಸುಳ್ಳನ್ನು ಒಂದೇ ಸಲ ಹೇಳಿ ಮುಗಿಸುತ್ತಿತ್ತು, ವಾರವಾರ ಅಪ್‌ಡೇಟ್ ಮಾಡುತ್ತಿರಲಿಲ್ಲ. ಮತ್ತೆ ಅದು ನಮ್ಮದಾಗಿತ್ತು. ಈಗ 'ಖರೀದಿಸಿ' ಗುಂಡಿ ಒತ್ತಿದರೂ ಯಾವುದೂ ನಮ್ಮದಲ್ಲ. 'ದಿ ಕ್ರೂ' ಅನ್ನುವ ಕಾರ್ ಆಟವನ್ನು ಯೂಬಿಸಾಫ್ಟ್ 2014ರಲ್ಲಿ ಮಾರಿತು. 2024ರ ಮಾರ್ಚ್ 31ಕ್ಕೆ ಸರ್ವರ್ ಮುಚ್ಚಿತು. ಒಬ್ಬನೇ ಆಡುತ್ತಿದ್ದವನಿಗೂ ಆಟ ಇಲ್ಲ, ಡಿಸ್ಕ್ ಈಗ ಚಹದ ಲೋಟ ಇಡಲು ಸರಿಯಾಗಿದೆ. ಅದೇ ವರ್ಷ ಕ್ಯಾಲಿಫೋರ್ನಿಯಾದಲ್ಲಿ, ಮಾರುತ್ತಿರುವುದು ಬರೀ ಲೈಸೆನ್ಸ್ ಅಂತ ಗಿರಾಕಿಗೆ ಬಾಯಿಬಿಟ್ಟು ಹೇಳಬೇಕು ಎಂಬ ಕಾನೂನು ಬಂತು. ಸ್ಟೀಮ್‌ನವರೂ ಈಗ ದುಡ್ಡು ಕಟ್ಟುವ ಜಾಗದಲ್ಲಿ ಆ ಸಾಲು ಹಾಕಿದ್ದಾರೆ. ಅಂದರೆ ಇದು ಕ್ರಯ ಅಲ್ಲ, ಭೋಗ್ಯ. ಹಾಗೆ ನೋಡಿದರೆ ಬೆಂಗಳೂರಿನಲ್ಲಿ ಮನೆ ಭೋಗ್ಯಕ್ಕೆ ಹಾಕಿಕೊಂಡವನು ಖಾಲಿ ಮಾಡುವಾಗ ಕೊಟ್ಟ ದುಡ್ಡು ವಾಪಸ್ ಕೇಳಬಹುದು. ಇಲ್ಲಿ ಅದೂ ಇಲ್ಲ.

ಮತ್ತೆ ಅರಸೀಕೆರೆಯ ಆ ಪಂಕ್ತಿಗೆ ಬರೋಣ. ಅಷ್ಟರಲ್ಲಿ ಅನ್ನ ಸಾರು ಮುಗಿದಿತ್ತು. ಹುಡುಗರು ಈಗ ಲೋಡಿಂಗ್ ಎಷ್ಟು ಸೆಕೆಂಡ್ ಅನ್ನುವುದಕ್ಕೆ ಬಂದಿದ್ದರು. ನನಗೆ ಒಂದು ಸಣ್ಣ ಕುತೂಹಲ.

"ಅದಿರಲಿ, ನೀವಿಬ್ಬರೂ ಈಗ ಯಾವ ಗೇಮ್ ಆಡ್ತಿದ್ದೀರಿ?"

ಬಲಗಡೆಯವನು ಉಪ್ಪಿನಕಾಯಿ ನೋಡಿದ. "ಈಗೇನೂ ಇಲ್ಲ ಅಂಕಲ್. ಜಿಟಿಎ 6 ಬರಲಿ ಅಂತ ಕಾಯ್ತಿದ್ದೀನಿ." ಐದನೆಯದು ಬಂದಿದ್ದು 2013ರ ಸೆಪ್ಟೆಂಬರ್‌ನಲ್ಲಿ. ಆಗ ಈ ಹುಡುಗ ಪ್ರೈಮರಿ ಸ್ಕೂಲಿನಲ್ಲಿದ್ದಿರಬೇಕು. ಆರನೆಯದು 2025ಕ್ಕೆ ಅಂದರು, ಆಮೇಲೆ 2026ರ ಮೇ 26 ಅಂದರು, ಆಮೇಲೆ ನವೆಂಬರ್ 19 ಅಂದರು. ಹೆಣ್ಣು ನೋಡಲು ಬರುತ್ತೇವೆ ಅಂತ ಮೂರು ಸಲ ದಿನ ಹೇಳಿದವರನ್ನು ನಮ್ಮ ಕಡೆ ಬಾಗಿಲಿಗೂ ಸೇರಿಸುವುದಿಲ್ಲ. ಇವನು ಅವರಿಗಾಗಿ ಪೆಟ್ಟಿಗೆ ಕೊಂಡು ಇಟ್ಟುಕೊಂಡಿದ್ದಾನೆ.

"ನೀನೇನೋ?"

ಅಕ್ಕನ ಮಗ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಒಂದೂವರೆ ಲಕ್ಷದ ಪಿಸಿ ಅವನದ್ದು, ಒಳಗೆ ಏಳು ಬಣ್ಣದ ದೀಪ ಬೇರೆ. "ಕ್ರಿಕೆಟ್ 07, ಮಾವ" ಅಂದ. "ಹೊಸ ಐಪಿಎಲ್ ಪ್ಯಾಚ್ ಹಾಕ್ಕೊಂಡಿದ್ದೀನಿ."

2006ರಲ್ಲಿ ಬಂದ ಆಟ. ಆಮೇಲೆ ಅದನ್ನು ಮಾಡಿದ ಇಎ ಕಂಪನಿ ಪಿಸಿಗೆ ಇನ್ನೊಂದು ಕ್ರಿಕೆಟ್ ಆಟ ಮಾಡಲೇ ಇಲ್ಲ, ಅಭಿಮಾನಿಗಳೇ ವರ್ಷವರ್ಷ ಜರ್ಸಿ ಬದಲಿಸಿ ಜೀವ ಹಿಡಿದಿದ್ದಾರೆ. ಇವನೊಬ್ಬನೇ ಹೀಗೆ ಅಂದುಕೊಳ್ಳಬೇಡಿ. 2024ರಲ್ಲಿ ಸ್ಟೀಮ್‌ನಲ್ಲಿ ಜನ ಆಡಿದ ಹೊತ್ತಿನಲ್ಲಿ ಆ ವರ್ಷದ ಹೊಸ ಆಟಗಳಿಗೆ ಸಂದಿದ್ದು 15% ಮಾತ್ರ ಅಂತ ಅವರೇ ಹೇಳಿಕೊಂಡಿದ್ದರು.

"ಎಷ್ಟು ಫ್ರೇಮ್ ಬರುತ್ತೆ?" ಅಂತ ಬಲಗಡೆಯವನು ಗಂಭೀರವಾಗಿ ಕೇಳಿದ. ಇವನು ಅಷ್ಟೇ ಗಂಭೀರವಾಗಿ ಉತ್ತರ ಹೇಳಲು ಬಾಯಿ ತೆರೆದ.

ಅಷ್ಟರಲ್ಲಿ ಬಡಿಸುವವರು ಎರಡನೇ ಸುತ್ತಿನ ಹೋಳಿಗೆ ಹಿಡಿದು ಬಂದರು. ನಾನು ಎಲೆಯ ಮೇಲೆ ಕೈ ಅಡ್ಡ ಹಿಡಿದೆ. "ಬೇಡಪ್ಪಾ, ಹೊಟ್ಟೆ ತುಂಬಿದೆ."

"ಹಾಗಂದ್ರೆ ಹೇಗೆ ಸಾರ್? ಬರೀ ಹೋಳಿಗೆ ತಿಂದಿರ್ತೀರ, ಅದಕ್ಕೇ" ಅಂದ ಅವನು. "ತಡೀರಿ, ತುಪ್ಪ ತರ್ತೀನಿ."